ಇಂಗ್ಲೆಂಡಿನ ಹಳ್ಳಿ ಕೌನ್ಸಿಲ್ ನಡೆಸುವ ಬಗೆ: ಸಭೆಯ ನೋಟಿಸಿನಿಂದ ವರ್ಷದ ಲೆಕ್ಕದವರೆಗೆ

ಇಂಗ್ಲೆಂಡಿನ ಆಡಳಿತದಲ್ಲಿ ಜನರಿಗೆ ತೀರ ಹತ್ತಿರದ ಮೆಟ್ಟಿಲೆಂದರೆ ಪ್ಯಾರಿಷ್ ಕೌನ್ಸಿಲ್. 1894ರ ಕಾಯ್ದೆಯಿಂದ ಹುಟ್ಟಿದ ಇದಕ್ಕೂ ಚರ್ಚಿನ ಆಡಳಿತಕ್ಕೂ ಸಂಬಂಧವಿಲ್ಲ, ಚರ್ಚಿನ ವ್ಯಾಪ್ತಿಯನ್ನು ಸೂಚಿಸುವ ‘ಪ್ಯಾರಿಷ್’ ಎಂಬ ಹೆಸರು ಮಾತ್ರ ಉಳಿದಿದೆ. ಈಗಿನ ನಡಾವಳಿಯೆಲ್ಲ ಬಹುಪಾಲು 1972ರ ಸ್ಥಳೀಯ ಆಡಳಿತ ಕಾಯ್ದೆಯಂತೆ. ಬೆಂಚು, ಬಸ್ ತಂಗುದಾಣ, ಮಕ್ಕಳ ಆಟದ ಜಾಗ, ಸ್ಮಶಾನ, ಬಾಡಿಗೆಗೆ ಕೊಡುವ ಕೈತೋಟದ ತುಂಡುಗಳು, ಇಂಥವು ಅದರ ಕೆಲಸ. ರಸ್ತೆಯ ಗುಂಡಿ ಸಾಮಾನ್ಯವಾಗಿ ಮೇಲಿನ ಮೆಟ್ಟಿಲಿನ ಕೌಂಟಿ ಕೌನ್ಸಿಲಿಗೆ ಸೇರಿದ್ದು. ಆ ದೂರು ಬಂದರೆ ಅಲ್ಲಿಗೆ ಕಳಿಸಿ, ಕಳಿಸಿದ್ದನ್ನು ಬರೆದಿಡಿ.

ಕೌನ್ಸಿಲಿನಲ್ಲಿ ಕನಿಷ್ಠ 5 ಸದಸ್ಯರಿರಬೇಕು. ಇಂಗ್ಲೆಂಡಿನಲ್ಲಿ ನೆಲೆಸಿದ ಭಾರತೀಯರೂ ನಿಲ್ಲಬಹುದು, ಆದರೆ ಅಲ್ಲಿ ಅನಿರ್ದಿಷ್ಟ ಕಾಲ ವಾಸಿಸುವ ಅನುಮತಿ ಇರಬೇಕು. ಜೊತೆಗೆ ಆ ಪ್ಯಾರಿಷಿನ ಮತದಾರರಾಗಿರಬೇಕು, ಇಲ್ಲವೇ ಕಳೆದ 12 ತಿಂಗಳು ಅಲ್ಲಿ ಸ್ವಂತದ್ದೋ ಬಾಡಿಗೆಯದೋ ಆಸ್ತಿ ಹೊಂದಿರಬೇಕು, ಅಥವಾ ಅವರ ಮುಖ್ಯ ಕೆಲಸದ ಜಾಗ ಅಲ್ಲಿರಬೇಕು, ಅಥವಾ ಅಲ್ಲಿ ಇಲ್ಲವೇ ಅದರಿಂದ 4.8 ಕಿಲೋಮೀಟರಿನೊಳಗೆ ವಾಸವಾಗಿರಬೇಕು. ಆಯ್ಕೆಯಾದವರು ಅಧಿಕಾರ ಸ್ವೀಕಾರ ಪತ್ರಕ್ಕೆ ಸಹಿ ಹಾಕಿ, 28 ದಿನಗಳೊಳಗೆ ತಮ್ಮ ಆಸ್ತಿ, ಉದ್ಯೋಗ ಮುಂತಾದ ಹಿತಾಸಕ್ತಿಗಳ ವಿವರ ಕೊಡಬೇಕು. ಇದನ್ನು ಹಗುರವಾಗಿ ಎಣಿಸಬೇಡಿ. ತಮ್ಮ ಹಣಕಾಸಿನ ಹಿತ ಅಡಗಿರುವ ವಿಷಯದಲ್ಲಿ ವಿನಾಯಿತಿಯಿಲ್ಲದೆ ಚರ್ಚಿಸುವುದಾಗಲಿ ಮತ ಹಾಕುವುದಾಗಲಿ 2011ರ ಕಾಯ್ದೆಯ ಪ್ರಕಾರ ಅಪರಾಧ.

ಕಾಗದಪತ್ರದ ಹೊಣೆಯೆಲ್ಲ ಕ್ಲರ್ಕಿನದು. ಹಾಲಿ ಸದಸ್ಯರೊಬ್ಬರು ಸಂಬಳ ಪಡೆದು ಕ್ಲರ್ಕ್ ಆಗುವಂತಿಲ್ಲ. ರಾಜೀನಾಮೆ ಕೊಟ್ಟ ಮೇಲೂ 12 ತಿಂಗಳು ಕಾಯಬೇಕು.

ಕ್ಲರ್ಕಿನ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕಾರ್ಯಸೂಚಿ. ಅದರಲ್ಲಿ ಇಲ್ಲದ ವಿಷಯದ ಮೇಲೆ ತೆಗೆದುಕೊಂಡ ತೀರ್ಮಾನ ಕಾನೂನಿನಲ್ಲಿ ನಿಲ್ಲುವುದಿಲ್ಲ. ಸಭೆಗೆ ಪೂರ್ತಿ ಮೂರು ದಿನ ಮೊದಲು ನೋಟಿಸನ್ನು ಊರಿನಲ್ಲಿ ಎದ್ದುಕಾಣುವ ಕಡೆ ಅಂಟಿಸಬೇಕು, ಸದಸ್ಯರಿಗೂ ಕಳಿಸಬೇಕು. ದಿನ ಎಣಿಸುವಾಗಲೇ ಹೆಚ್ಚು ಜನ ಎಡವುವುದು. ಅಂಟಿಸಿದ ದಿನ, ಸಭೆಯ ದಿನ, ಭಾನುವಾರ, ಬ್ಯಾಂಕ್ ರಜೆ ಯಾವುದೂ ಲೆಕ್ಕಕ್ಕಿಲ್ಲ. ಶನಿವಾರ ಮಾತ್ರ ಲೆಕ್ಕಕ್ಕುಂಟು. ಮಂಗಳವಾರ ಸಂಜೆ ಸಭೆಯಿದ್ದರೆ ಸೋಮವಾರ, ಶನಿವಾರ, ಶುಕ್ರವಾರ ಹೀಗೆ ಮೂರು ದಿನವಾಯಿತು, ಹಾಗಾಗಿ ಗುರುವಾರವೇ ನೋಟಿಸು ಹೊರಡಬೇಕು. ಆ ಸೋಮವಾರ ಬ್ಯಾಂಕ್ ರಜೆಯಾದರೆ ಬುಧವಾರ. ಇಷ್ಟು ಬಿಗಿಯಾಗಿ ಲೆಕ್ಕ ಹಾಕುವುದಕ್ಕಿಂತ ಒಂದು ವಾರ ಮೊದಲೇ ಅಂಟಿಸುವ ರೂಢಿ ಒಳ್ಳೆಯದು. ಮಳೆಗೆ ಹಾಳೆ ನೆನೆದು ಓದಲಾಗದೆ ಹೋದರೂ ಮತ್ತೊಂದು ಅಂಟಿಸಲು ಸಮಯವಿರುತ್ತದೆ.

ವಿಷಯ ಬರೆಯುವ ರೀತಿಯೂ ಅಷ್ಟೇ ಮುಖ್ಯ. “ಆಟದ ಜಾಗ” ಎಂದಷ್ಟೇ ಬರೆದರೆ ಏನು ತೀರ್ಮಾನವಾಗಲಿದೆ ಎಂದು ಊರಿನವರಿಗೆ ತಿಳಿಯುವುದು ಹೇಗೆ? “ಉಯ್ಯಾಲೆಯ ಸರಪಳಿ ಬದಲಿಸಲು ಬಂದಿರುವ ದರಪಟ್ಟಿಗಳನ್ನು ಪರಿಶೀಲಿಸಿ ಒಂದನ್ನು ಒಪ್ಪುವುದು” ಎಂದು ಬರೆಯಿರಿ. “ಇತರ ವಿಷಯಗಳು” ಎಂಬ ಸಾಲನ್ನು ತೆಗೆದುಹಾಕಿ. ಅದು ಇದ್ದರೆ ಯಾರಾದರೊಬ್ಬರು ಅದರಡಿ ಖರ್ಚಿನ ಮಾತೆತ್ತುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ. ಆ ಒಪ್ಪಿಗೆಗೆ ಕಾನೂನಿನ ಬಲವಿಲ್ಲ.

ಸಭೆ ಎಲ್ಲರೂ ಖುದ್ದಾಗಿ ಸೇರುವ ಸಭೆಯೇ ಆಗಿರಬೇಕು. ಕೋವಿಡ್ ಕಾಲದ ಆನ್‌ಲೈನ್ ಅವಕಾಶ 2021ರ ಮೇ ತಿಂಗಳಲ್ಲಿ ಮುಗಿಯಿತು. ಕೋರಂ, ಅಂದರೆ ಸಭೆ ನಡೆಯಲು ಹಾಜರಿರಬೇಕಾದ ಕನಿಷ್ಠ ಸಂಖ್ಯೆ, ಒಟ್ಟು ಸದಸ್ಯರಲ್ಲಿ ಮೂರನೇ ಒಂದು ಭಾಗ, ಆದರೆ ಎಂದಿಗೂ 3ಕ್ಕಿಂತ ಕಡಿಮೆಯಿಲ್ಲ. ಸಾರ್ವಜನಿಕರು ಬಂದು ಕೂರಬಹುದು, ಚಿತ್ರೀಕರಿಸಲೂಬಹುದು. ಮಾತಾಡುವ ಹಕ್ಕು ಕಾನೂನಿನಲ್ಲಿಲ್ಲದಿದ್ದರೂ ಅದಕ್ಕೊಂದಿಷ್ಟು ಹೊತ್ತು ಮೀಸಲಿಡುವುದು ರೂಢಿ, ಅದನ್ನು ಕಾರ್ಯಸೂಚಿಯ ಆರಂಭದಲ್ಲೇ ಇಡಿ. ಮತ ಸಮ ಬಿದ್ದರೆ ಅಧ್ಯಕ್ಷರಿಗೆ ನಿರ್ಣಾಯಕ ಮತವಿದೆ. ಇದನ್ನು ಬಿಟ್ಟರೆ ಅಧ್ಯಕ್ಷರಿಗೆ ಒಬ್ಬರೇ ತೀರ್ಮಾನಿಸುವ ಅಧಿಕಾರವಿಲ್ಲ. ಕೆಲಸವನ್ನು ಸಮಿತಿಗೋ ಕ್ಲರ್ಕಿಗೋ ವಹಿಸಬಹುದು, ಒಬ್ಬ ಸದಸ್ಯರಿಗೆ ವಹಿಸುವಂತಿಲ್ಲ. “ಅಧ್ಯಕ್ಷರೇ ನೋಡಿಕೊಳ್ಳಲಿ” ಎಂದು ಬಿಟ್ಟುಬಿಡುವುದು ಹಳ್ಳಿಗಳಲ್ಲಿ ತುಂಬಾ ಸಹಜ, ಆದರೆ ತಪ್ಪು.

ಸಭೆಯ ನಡಾವಳಿ ಬರೆಯುವಾಗ ಯಾರು ಏನೆಂದರು ಎಂಬುದು ಬೇಡ, ಏನು ಠರಾವಾಯಿತು ಎಂಬುದು ಬೇಕು: ಎಷ್ಟು ಹಣ, ಯಾರಿಗೆ, ಯಾವ ಕಾಯ್ದೆಯ ಅಧಿಕಾರದಡಿ. ಬಿಡಿ ಹಾಳೆಗಳಾದರೆ ಪುಟಸಂಖ್ಯೆ ಸಾಲಾಗಿ ಮುಂದುವರಿಯಬೇಕು, ಮುಂದಿನ ಸಭೆಯಲ್ಲಿ ಒಪ್ಪಿದ ಮೇಲೆ ಅಧ್ಯಕ್ಷರು ಪ್ರತಿ ಹಾಳೆಗೂ ಚಿಕ್ಕ ಸಹಿ ಹಾಕಬೇಕು.

ಕಟ್ಟಡ ಯೋಜನೆಗಳ ಅರ್ಜಿಯಲ್ಲಿ ಪ್ಯಾರಿಷ್ ಅಭಿಪ್ರಾಯ ಮಾತ್ರ ಹೇಳುತ್ತದೆ, ತೀರ್ಮಾನ ಪ್ಯಾರಿಷಿನ ಮೇಲಿನ ಡಿಸ್ಟ್ರಿಕ್ಟ್ ಕೌನ್ಸಿಲಿನದು, ಅಥವಾ ಕೌಂಟಿ, ಡಿಸ್ಟ್ರಿಕ್ಟ್ ಎರಡರ ಕೆಲಸವನ್ನೂ ಮಾಡುವ ಯೂನಿಟರಿ ಕೌನ್ಸಿಲಿನದು. ಸಾಮಾನ್ಯವಾಗಿ 21 ದಿನ ಸಿಗುತ್ತದೆ. ತಿಂಗಳಿಗೊಮ್ಮೆ ಸಭೆ ಸೇರುವವರಿಗೆ ಈ ಗಡುವು ತಪ್ಪಿಹೋಗುತ್ತದೆ, ಆದ್ದರಿಂದ ಅರ್ಜಿ ಕೈಸೇರಿದ ದಿನವೇ ಗಡುವು ವಿಸ್ತರಿಸಲು ಕೇಳಿ, ಇಲ್ಲವಾದರೆ ವಿಶೇಷ ಸಭೆ ಕರೆಯಿರಿ. ಬೆಳಕು ತಪ್ಪುವುದು, ಪಕ್ಕದ ಮನೆಯೊಳಗೆ ಕಣ್ಣುಬೀಳುವುದು, ವಾಹನ ಸಂಚಾರ ಇಂಥ ಕಾರಣ ಬರೆಯಿರಿ. “ನಮ್ಮ ಕಿಟಕಿಯ ನೋಟ ಹೋಯಿತು”, “ಮನೆಯ ಬೆಲೆ ಇಳಿಯಿತು” ಎಂಬುವನ್ನು ಯೋಜನಾಧಿಕಾರಿಗಳು ಪರಿಗಣಿಸುವುದಿಲ್ಲ.

ಹಣದ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಕೌನ್ಸಿಲಿನ ಮುಖ್ಯ ಆದಾಯ ಪ್ರಿಸೆಪ್ಟ್, ಅಂದರೆ ಮನೆಗಳ ಕೌನ್ಸಿಲ್ ಟ್ಯಾಕ್ಸಿನ ಜೊತೆ ವಸೂಲಾಗುವ ಹಳ್ಳಿಯ ಪಾಲು. ಅದರ ಬೇಡಿಕೆಯನ್ನು ಕಾನೂನಿನಂತೆ ಮಾರ್ಚ್ 1ಕ್ಕೆ ಮೊದಲು ಕಳಿಸಬೇಕು, ಆದರೆ ತೆರಿಗೆ ಬಿಲ್ಲು ತಯಾರಿಸುವ ಕೌನ್ಸಿಲ್ ಸಾಮಾನ್ಯವಾಗಿ ಜನವರಿಯಲ್ಲೇ ಕೇಳುತ್ತದೆ. ಹಾಗಾಗಿ ನವೆಂಬರಿನಲ್ಲೇ ಬಜೆಟ್ ಕರಡು ಹಿಡಿದು ಕೂರಿ. ಉದಾಹರಣೆಗೆ, ಖರ್ಚು 21,500 ಪೌಂಡ್, ಕೈತೋಟ ಮತ್ತು ಸ್ಮಶಾನದ ಆದಾಯ 2,000, ಮೀಸಲಿನಿಂದ 1,500 ಎಂದಿಟ್ಟುಕೊಳ್ಳಿ. ಪ್ರಿಸೆಪ್ಟ್ 18,000 ಆಗುತ್ತದೆ. ತೆರಿಗೆಗಾಗಿ ಮನೆಗಳನ್ನು ಬೆಲೆಯಂತೆ ಬ್ಯಾಂಡುಗಳಾಗಿ ವಿಂಗಡಿಸಿರುತ್ತಾರೆ. ಹಳ್ಳಿಯ ತೆರಿಗೆ ಆಧಾರ ಸಂಖ್ಯೆ, ಅಂದರೆ ಮನೆಗಳನ್ನೆಲ್ಲ ‘ಡಿ’ ಬ್ಯಾಂಡಿಗೆ ಸಮ ಮಾಡಿ ಎಣಿಸಿದ ಸಂಖ್ಯೆ, 400 ಆದರೆ ಆ ಬ್ಯಾಂಡಿನ ಮನೆಗೆ ವರ್ಷಕ್ಕೆ 45 ಪೌಂಡ್. ಕಳೆದ ವರ್ಷದ ಮೊತ್ತಕ್ಕೆ ಇಂತಿಷ್ಟು ಶೇಕಡಾ ಸೇರಿಸಿ ಮುಗಿಸುವುದು ಸುಲಭ, ಆದರೆ ಅದು ಬಜೆಟ್ ಅಲ್ಲ. ಪ್ರತಿ ಬಾಬ್ತನ್ನೂ ಕೆಳಗಿನಿಂದ ಕಟ್ಟಿ. ಬಹುತೇಕರು ಮರೆಯುವ ಬಾಬ್ತು ಚುನಾವಣಾ ವೆಚ್ಚ. ಸ್ಪರ್ಧೆ ನಡೆದರೆ ಡಿಸ್ಟ್ರಿಕ್ಟ್ ಆ ಬಿಲ್ಲನ್ನು ಹಳ್ಳಿಗೆ ಕಳಿಸಬಹುದು, ಅದಕ್ಕಾಗಿ ವರ್ಷವರ್ಷವೂ ಸ್ವಲ್ಪ ಎತ್ತಿಡಿ.

ವ್ಯಾಟ್ ವಾಪಸು ಪಡೆಯಲು 126ನೇ ನಮೂನೆ. ರಸೀದಿ ಕೌನ್ಸಿಲಿನ ಹೆಸರಿನಲ್ಲೇ ಇರಬೇಕು. ಸದಸ್ಯರೊಬ್ಬರು ತಮ್ಮ ಹೆಸರಿನಲ್ಲಿ ಬಣ್ಣದ ಡಬ್ಬಿ ಕೊಂಡು ತಂದರೆ ಆ ತೆರಿಗೆ ಕೈಬಿಟ್ಟಂತೆಯೇ.

ವರ್ಷದ ಆದಾಯವೂ ಖರ್ಚೂ 25,000 ಪೌಂಡ್ ಮೀರದಿದ್ದರೆ ಹೊರಗಿನ ಲೆಕ್ಕಪರಿಶೋಧಕರ ಪರಿಶೀಲನೆಯಿಂದ ವಿನಾಯಿತಿ ಪತ್ರ ಕಳಿಸಬಹುದು. ಆದರೆ ಒಳ ಲೆಕ್ಕಪರಿಶೋಧನೆ ಆಗಲೇಬೇಕು, ಲೆಕ್ಕ ಪ್ರಕಟಿಸಲೇಬೇಕು. ಜೂನ್ 30ರೊಳಗೆ ಸಭೆಯಲ್ಲಿ ಮೊದಲು ಕೌನ್ಸಿಲ್ ನಿಯಮದಂತೆ ನಡೆದಿದೆಯೇ ಎಂದು ಹೇಳುವ ಆಡಳಿತ ಹೇಳಿಕೆಯನ್ನು, ಬಳಿಕ ಲೆಕ್ಕಪತ್ರವನ್ನು ಒಪ್ಪಬೇಕು. ಎರಡಕ್ಕೂ ಬೇರೆ ಬೇರೆ ಠರಾವು, ಬೇರೆ ಸಂಖ್ಯೆ. ಈ ಕ್ರಮ ತಿರುಗಿದರೆ ಲೆಕ್ಕಪರಿಶೋಧಕರು ಆಕ್ಷೇಪ ಎತ್ತುತ್ತಾರೆ. ಆಮೇಲೆ ಸಾರ್ವಜನಿಕರು ಲೆಕ್ಕ ನೋಡಲು 30 ಕೆಲಸದ ದಿನ ಬಿಡಬೇಕು, ಅದರಲ್ಲಿ ಜುಲೈನ ಮೊದಲ 10 ಕೆಲಸದ ದಿನಗಳು ಸೇರಿರಲೇಬೇಕು. ಅವಧಿ ಶುರುವಾಗುವ ಹಿಂದಿನ ದಿನವಾದರೂ ನೋಟಿಸು ಫಲಕದ ಮೇಲಿರಲಿ. ಬಂದವರಿಗೆ ತೋರಿಸಲು ವೋಚರುಗಳನ್ನು ತಿಂಗಳವಾರು ಕಟ್ಟಿಡಿ, ಸಿಬ್ಬಂದಿಯ ಖಾಸಗಿ ವಿವರ ಇರುವ ಕಡೆ ಮಾತ್ರ ಮುಚ್ಚಿ.