ಎರೆ ನೆಲದಲ್ಲಿ ಅಚ್ಚು ಕಾಂಕ್ರೀಟ್: ಪುಣೆಯ ಅಂಗಳಗಳಲ್ಲಿ ನಾನು ಅನುಸರಿಸುವ ಕ್ರಮ

ಸ್ಟ್ಯಾಂಪ್ಡ್ ಕಾಂಕ್ರೀಟ್, ಅಂದರೆ ಹಸಿ ಕಾಂಕ್ರೀಟಿಗೆ ಬಣ್ಣ ಹಾಕಿ ಕಲ್ಲಿನಂಥ ನಮೂನೆಯ ಅಚ್ಚೊತ್ತಿದ ನೆಲ, ಬೇಕೆಂದು ಯಾರಾದರೂ ಕರೆದಾಗ ನಾನು ಮೊದಲು ಮಾಡಿಸುವುದು ಅಂಗಳದಲ್ಲಿ ಎರಡಡಿ ಆಳದ ಒಂದು ಗುಂಡಿ. ಅಚ್ಚಿನ ನಮೂನೆ, ಬಣ್ಣದ ಚಾರ್ಟ್ ಎಲ್ಲ ಅದಾದ ಮೇಲೆ. ಪುಣೆಯ ಸುತ್ತ ಗುಡ್ಡದ ಇಳಿಜಾರಿನಲ್ಲಿ ಅರ್ಧ ಅಡಿಗೇ ಮುರುಮು (ಗಟ್ಟಿಯಾಗಿ ಕೂರುವ ಗರಸು ಮಣ್ಣು) ಸಿಗುತ್ತದೆ. ತಗ್ಗಿನ ಹಳೆಯ ಹೊಲದ ಜಾಗಗಳಲ್ಲಿ ಕಪ್ಪು ಎರೆ. ವಿಜಯಪುರ, ಕಲಬುರಗಿ ಕಡೆಯ ನಮ್ಮವರಿಗೆ ಎರೆಯ ಗುಣ ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ನೇರವಾಗಿ ಎಷ್ಟೇ ಗಟ್ಟಿ ಕಾಂಕ್ರೀಟ್ ಹಾಕಿದರೂ ಮಳೆಗಾಲ ಕಳೆಯುವಷ್ಟರಲ್ಲಿ ಮೂಲೆ ಎದ್ದು ನಡುವೆ ಸೀಳುತ್ತದೆ. ಟೈಲ್ಸ್ ಒಡೆದರೆ ಒಂದನ್ನು ಬದಲಿಸಬಹುದು. ಇಲ್ಲಿ ಇಡೀ ಅಂಗಳ ಒಂದೇ ಚಪ್ಪಡಿ, ತೇಪೆ ಹಾಕಿದರೆ ಬಣ್ಣ ಹೊಂದುವುದಿಲ್ಲ.

ಹಾಗಾಗಿ ಎಲ್ಲ ಕಡೆಗೂ ಇದೇ ಸರಿ ಎಂದು ನಾನು ಹೇಳುವುದಿಲ್ಲ. ಅಂಗಳದ ಕೆಳಗೆ ಡ್ರೈನೇಜ್, ನೀರಿನ ಪೈಪ್, ಕೇಬಲ್ ಹಾದುಹೋಗಿ ಮುಂದೆ ಅಗೆಯುವ ಸಂಭವವಿದ್ದರೆ ಪೇವರ್ ಬ್ಲಾಕ್ ಹಾಕಿಸಿ, ತೆಗೆದು ಮತ್ತೆ ಕೂರಿಸಬಹುದು. ಆಲ, ಅರಳಿ, ಗುಲ್‌ಮೊಹರ್ ಹತ್ತಿರವಿದ್ದರೂ ಪೇವರೇ ಸರಿ, ಬೇರು ಚಪ್ಪಡಿಯನ್ನು ಎತ್ತಿಬಿಡುತ್ತದೆ. ಬಟ್ಟೆ ಒಗೆಯುವ ಹಿತ್ತಲಿಗೆ ನಾನು ಈಗಲೂ ಒರಟು ಶಹಾಬಾದ್ ಫರ್ಶಿಯನ್ನೇ ಹೇಳುತ್ತೇನೆ. ಸದಾ ಸಾಬೂನು ನೀರು ನಿಲ್ಲುವ ಕಡೆ ಸೀಲರ್ (ಅಚ್ಚು ಕಾಂಕ್ರೀಟಿನ ಮೇಲೆ ಕೊನೆಗೆ ಹೊಡೆಯುವ ರಕ್ಷಣೆಯ ಲೇಪ) ಬಾಳುವುದಿಲ್ಲ. ಮುಂಬೈಯಿಂದ ಟೆರೇಸಿಗೆ ಹಾಕಿಕೊಡಿ ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ: 100 ಮಿಮೀ ದಪ್ಪದ ಕಾಂಕ್ರೀಟ್ ಎಂದರೆ ಪ್ರತಿ ಚದರ ಮೀಟರಿಗೆ ಸುಮಾರು 240 ಕೆಜಿ ಭಾರ. ಇಂಜಿನಿಯರ್ ಲೆಕ್ಕ ಹಾಕಿ ಒಪ್ಪದೆ ಹಳೆಯ ಆರ್‌ಸಿಸಿ ಮೇಲೆ ಅಷ್ಟು ಭಾರ ಹೇರಬಾರದು. ಅಲ್ಲಿಗೆ 6ರಿಂದ 10 ಮಿಮೀ ದಪ್ಪದ ಅಚ್ಚೊತ್ತುವ ಓವರ್‌ಲೇ (ಇದ್ದ ನೆಲದ ಮೇಲೆ ಹಾಕುವ ತೆಳು ಪದರ) ಬರುತ್ತದೆ, ಅದರ ಕ್ರಮವೇ ಬೇರೆ.

ಲೆಕ್ಕ ಕಣ್ಣಿಗೆ ಕಾಣಲಿ ಎಂದು ಒಂದು ಸಾಮಾನ್ಯ ಅಳತೆ ತೆಗೆದುಕೊಳ್ಳುತ್ತೇನೆ. ಗೇಟಿನಿಂದ ಮನೆಯವರೆಗೆ ಕಾರಿನ ದಾರಿ 8 ಮೀಟರ್ ಉದ್ದ, 4.5 ಮೀಟರ್ ಅಗಲ, ಅಂದರೆ 36 ಚದರ ಮೀಟರ್. ಹಿಂದೆ ಕೂರಲು ಸಿಟ್‌ಔಟ್ 6ಕ್ಕೆ 4, ಅಂದರೆ 24 ಚದರ ಮೀಟರ್. ಕಾರಿನ ದಾರಿಗೆ 125 ಮಿಮೀ ದಪ್ಪ, ಸಿಟ್‌ಔಟ್‌ಗೆ 100. ಕಾಂಕ್ರೀಟ್ 4.5 ಮತ್ತು 2.4 ಘನ ಮೀಟರ್, ಶೇ. 7 ಹೆಚ್ಚು ಹಿಡಿದರೆ ಒಟ್ಟು ಸುಮಾರು 7.4. ಇದನ್ನು ಒಂದೇ ದಿನ ಮುಗಿಸುವ ಆಸೆ ಬೇಡ. ಆರು ಜನರ ಗ್ಯಾಂಗ್ ಒಂದು ದಿನಕ್ಕೆ 35-40 ಚದರ ಮೀಟರ್ ಮಾತ್ರ ಚೆನ್ನಾಗಿ ಅಚ್ಚೊತ್ತಬಲ್ಲದು.

ಎರೆ ಇದ್ದರೆ ಕಾರಿನ ದಾರಿಯಲ್ಲಿ 600 ಮಿಮೀ ತೆಗೆಸುತ್ತೇನೆ. ಅದರಲ್ಲಿ ಮುರುಮು 375 ಮಿಮೀ, ಮೂರು ಪದರ. ಮೇಲೆ ಪುಡಿ ಬೆರೆತ ಜಲ್ಲಿ 100 ಮಿಮೀ. ಅದರ ಮೇಲೆ 125ರ ಚಪ್ಪಡಿ. ಪ್ರತಿ ಪದರಕ್ಕೂ ನೀರು ಚಿಮುಕಿಸಿ ಪ್ಲೇಟ್ ಕಾಂಪ್ಯಾಕ್ಟರ್ ಓಡಿಸಬೇಕು. ಮೂರನ್ನೂ ಒಟ್ಟಿಗೆ ಸುರಿದು ಮೇಲೆ ಮಾತ್ರ ದಿಮ್ಮಸು ಹೊಡೆದರೆ ಕೆಳಗಿನ ಪದರ ಸಡಿಲವೇ ಉಳಿಯುತ್ತದೆ, ಕಾರಿನ ಚಕ್ರ ಓಡಾಡುವ ಸಾಲು ಕ್ರಮೇಣ ಕುಸಿಯುತ್ತದೆ. ಈ 36 ಚದರ ಮೀಟರಿಗೆ ಗಟ್ಟಿಯಾದ ಮೇಲಿನ ಲೆಕ್ಕದಲ್ಲಿ 13.5 ಘನ ಮೀಟರ್ ಮುರುಮು; ಸಡಿಲವಾಗಿ 17 ತರಿಸಬೇಕು. ಇಲ್ಲಿನ ವ್ಯಾಪಾರಿಯ ಭಾಷೆಯಲ್ಲಿ 6 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ). ಮೊದಲೇ ಮುರುಮಿನ ನೆಲವಿದ್ದರೆ ಮೇಲ್ಮಣ್ಣು ತೆಗೆದು ಜಲ್ಲಿ ಪದರವೊಂದೇ ಸಾಕು.

ಇಳಿಜಾರು 50ಕ್ಕೆ 1. ನುಣುಪು ನೆಲಕ್ಕೆ ಇದಕ್ಕಿಂತ ಕಡಿಮೆ ಇಟ್ಟರೂ ನಡೆದೀತು, ಆದರೆ ಅಚ್ಚಿನ ತಗ್ಗುಗಳು ನೀರು ಹಿಡಿದಿಡುತ್ತವೆ, ಹಿಡಿದಲ್ಲಿ ಪಾಚಿ ಕಟ್ಟುತ್ತದೆ. 8 ಮೀಟರ್ ದಾರಿಗೆ ಮನೆಯಿಂದ ಗೇಟಿಗೆ 160 ಮಿಮೀ ಇಳಿಯಬೇಕು. ಇದನ್ನು ಜಲ್ಲಿ ಪದರದಲ್ಲೇ ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಕೊಳವೆ) ಹಿಡಿದು ಕೊಡಬೇಕು, ಕಾಂಕ್ರೀಟಿನಲ್ಲಿ ಸರಿಪಡಿಸಲು ಹೋದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗುತ್ತದೆ. ಮನೆಯ ಗೋಡೆ, ಕಂಬ, ಚೇಂಬರ್ ಮುಟ್ಟುವ ಕಡೆಯೆಲ್ಲ ಪೂರ್ತಿ ದಪ್ಪಕ್ಕೆ 12 ಮಿಮೀ ಥರ್ಮಾಕೋಲ್ ಇಟ್ಟು ಬಿಡಿಸಬೇಕು. ಬಿಡದಿದ್ದರೆ ಕಂಬದ ಮೂಲೆಯಿಂದಲೇ ಬಿರುಕು ಹೊರಡುತ್ತದೆ.

ಕಬ್ಬಿಣ ಕಾರಿನ ದಾರಿಗೆ 8 ಮಿಮೀ ಸರಳು, ಎರಡೂ ಕಡೆ 200 ಮಿಮೀ ಅಂತರ, ಚದರ ಮೀಟರಿಗೆ ಸುಮಾರು 4 ಕೆಜಿ. ಮೇಲಿನಿಂದ 50 ಮಿಮೀ ಕೆಳಗೆ ಕುರ್ಚಿಯ (ಸರಳನ್ನು ಎತ್ತಿ ಹಿಡಿಯುವ ಪುಟ್ಟ ಆಸರೆ) ಮೇಲೆ ನಿಲ್ಲಬೇಕು. ನೆಲಕ್ಕೆ ಹಾಸಿ, ಕಾಂಕ್ರೀಟ್ ಸುರಿಯುವಾಗ ಕೊಕ್ಕೆಯಿಂದ ಎಳೆದರಾಯಿತು ಎನ್ನುವ ಗ್ಯಾಂಗಿನ ಮಾತು ಕೇಳಬೇಡಿ. ಅದು ಮತ್ತೆ ತಳಕ್ಕೇ ಹೋಗುತ್ತದೆ.

ಇನ್ನು ಮಾಲು, ಅಂದರೆ ಕಲಸಿದ ಹಸಿ ಕಾಂಕ್ರೀಟ್. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಬುಟ್ಟಿ ಲೆಕ್ಕದ ನಾಮಿನಲ್ ಮಿಕ್ಸ್ ಎಂ20ರವರೆಗೆ ಮಾತ್ರ (ಎಂ ಮುಂದಿನ ಅಂಕಿ ಕಾಂಕ್ರೀಟಿನ ಶಕ್ತಿಯ ದರ್ಜೆ). ನನಗೆ ಬೇಕಾದದ್ದು ಎಂ25, ಕಾರಿನ ದಾರಿಗೆ ಎಂ30. ಆದ್ದರಿಂದ ಆರ್‌ಎಂಸಿ (ಪ್ಲಾಂಟಿನಲ್ಲೇ ಕಲಸಿ ಗಾಡಿಯಲ್ಲಿ ಬರುವ ರೆಡಿಮಿಕ್ಸ್ ಕಾಂಕ್ರೀಟ್) ತರಿಸುತ್ತೇನೆ. ಪ್ಲಾಂಟಿಗೆ ಬರೆದುಕೊಡುವುದು ಇಷ್ಟು: ಜಲ್ಲಿ 10-12 ಮಿಮೀ, ಸೈಟಿನಲ್ಲಿ ಸ್ಲಂಪ್ (ಮಾಲು ಎಷ್ಟು ಸಡಿಲ ಎಂಬ ಅಳತೆ) 100 ಮಿಮೀ, ನೀರು-ಸಿಮೆಂಟ್ ಅನುಪಾತ 0.45, ಹಾರುಬೂದಿ ಕಡಿಮೆ, ರಿಟಾರ್ಡರ್ (ಗಟ್ಟಿಯಾಗುವುದನ್ನು ತಡಮಾಡುವ ರಾಸಾಯನಿಕ) ದೂರಕ್ಕೆ ತಕ್ಕಷ್ಟೇ. ದೊಡ್ಡ ಜಲ್ಲಿ ಮೇಲೆ ಕೂತರೆ ಅಚ್ಚು ಇಳಿಯುವುದಿಲ್ಲ. ಹಾರುಬೂದಿ ಹೆಚ್ಚಾದರೆ ಚಳಿಗಾಲದಲ್ಲಿ ಸೆಟ್ ಆಗಲು ಸಂಜೆಯವರೆಗೆ ಕಾಯಬೇಕು. ಗಾಡಿ ತುಂಬಿದ ಎರಡು ಗಂಟೆಯೊಳಗೆ ಮಾಲು ಇಳಿಯಬೇಕು ಎನ್ನುತ್ತದೆ ಆರ್‌ಎಂಸಿಯ ಮಾನದಂಡ ಐಎಸ್ 4926. ಪುಣೆಯ ಟ್ರಾಫಿಕ್ಕಿನಲ್ಲಿ ಇದನ್ನು ಪಾಲಿಸಬೇಕಾದರೆ ಗಾಡಿ ಬೆಳಿಗ್ಗೆ ಏಳಕ್ಕೆ ಸೈಟಿನಲ್ಲಿರಬೇಕು. ಗಟ್ಟಿಯಾಗಿದೆ ಎಂದು ಡ್ರೈವರ್ ನೀರಿನ ಪೈಪ್ ಹಿಡಿದರೆ ತಡೆಯಿರಿ. ಘನ ಮೀಟರಿಗೆ 350 ಕೆಜಿ ಸಿಮೆಂಟ್ ಇರುವ ಮಾಲಿಗೆ 10 ಲೀಟರ್ ನೀರು ಸೇರಿಸಿದರೆ ಅನುಪಾತ 0.45ರಿಂದ 0.48ಕ್ಕೆ ಏರುತ್ತದೆ. ಶಕ್ತಿ ಕುಗ್ಗುವುದರ ಜೊತೆಗೆ ಮೊದಲ ಅರ್ಧ ಲೋಡಿನ ಬಣ್ಣ ಒಂದು, ಉಳಿದರ್ಧದ್ದು ಇನ್ನೊಂದು.

ಈಗ ಇಡೀ ಕೆಲಸದ ಜೀವಾಳಕ್ಕೆ ಬರುತ್ತೇನೆ: ಯಾವಾಗ ಬಣ್ಣ, ಯಾವಾಗ ಅಚ್ಚು.

ಅಲ್ಯೂಮಿನಿಯಂ ಪಟ್ಟಿ ಎಳೆದು, ಮರದ ಫ್ಲೋಟ್ ಆಡಿಸಿ ಬಿಟ್ಟ ಮೇಲೆ ಕಾಂಕ್ರೀಟಿನ ಮೇಲೆ ತೆಳ್ಳಗೆ ನೀರು ಬರುತ್ತದೆ. ಆ ಹೊಳಪು ಪೂರ್ತಿ ಆರುವವರೆಗೆ ಕಲರ್ ಹಾರ್ಡನರ್ (ಮೇಲ್ಮೈಗೆ ಎರಚುವ, ಗಟ್ಟಿಗೊಳಿಸುವ ಬಣ್ಣದ ಪುಡಿ) ಮುಟ್ಟಬಾರದು. ನೀರಿನ ಮೇಲೆ ಬಿದ್ದ ಪುಡಿ ಕೆನೆಯ ಹಾಗೆ ಕೂತು, ಆಮೇಲೆ ಹಪ್ಪಳವಾಗಿ ಏಳುತ್ತದೆ. ಬಣ್ಣದ ಪ್ರಮಾಣ ಚದರ ಮೀಟರಿಗೆ 3 ಕೆಜಿ. ನಮ್ಮ 60 ಚದರ ಮೀಟರಿಗೆ 180 ಕೆಜಿ, 25 ಕೆಜಿಯ 8 ಚೀಲ ಇಟ್ಟುಕೊಳ್ಳಬೇಕು. ತಿಳಿ ಬಣ್ಣಕ್ಕೆ ಇನ್ನಷ್ಟು ಬೇಕು. ಎಲ್ಲ ಚೀಲಗಳೂ ಒಂದೇ ಬ್ಯಾಚಿನವೇ ಎಂದು ನೋಡಿಯೇ ತೆಗೆದುಕೊಳ್ಳಿ. ಮೊದಲ ಸಲ ಮೂರರಲ್ಲಿ ಎರಡು ಪಾಲು ಸೊಂಟದ ಎತ್ತರದಿಂದ ಬೀಸಿ ಎರಚಿ, ಅದು ಕೆಳಗಿನ ತೇವ ಹೀರಿ ಕಪ್ಪಾಗುವವರೆಗೆ ಕಾದು, ಫ್ಲೋಟ್ ಆಡಿಸಬೇಕು. ಉಳಿದ ಒಂದು ಪಾಲನ್ನು ಅಡ್ಡ ದಿಕ್ಕಿನಿಂದ ಎರಚಿ ಮತ್ತೆ ಫ್ಲೋಟ್. ಒಣಗಿದೆ ಎಂದು ನೀರು ಚಿಮುಕಿಸಿ ಕರಣೆ ಎಳೆಯುವುದು ನಮ್ಮ ಮೇಸ್ತ್ರಿಗಳ ಕೈಗೆ ಅಂಟಿದ ಅಭ್ಯಾಸ. ಇಲ್ಲಿ ಅದರಿಂದ ಮೇಲ್ಪದರ ದುರ್ಬಲವಾಗಿ ಮುಂದೆ ಪುಡಿ ಏಳುತ್ತದೆ. ಕೆಲಸ ಶುರುವಾಗುವ ಮೊದಲೇ ನೀರಿನ ಬಕೆಟ್ ದೂರ ಇಡಿಸುತ್ತೇನೆ.

ಅಚ್ಚಿನ ಹೊತ್ತಿಗೆ ಗಡಿಯಾರ ನೋಡಿ ಉಪಯೋಗವಿಲ್ಲ. ಡಿಸೆಂಬರಿನ ಮುಂಜಾನೆಗೂ ಏಪ್ರಿಲಿನ ಮಧ್ಯಾಹ್ನಕ್ಕೂ ಗಂಟೆಗಳ ವ್ಯತ್ಯಾಸ. ಬೆರಳಿನಿಂದ ಒತ್ತಿದರೆ 5-6 ಮಿಮೀ ಇಳಿಯಬೇಕು, ಅಂಚು ಕುಸಿಯಬಾರದು, ಬೆರಳಿಗೆ ಮಾಲು ಅಂಟಬಾರದು. ಹೆಚ್ಚು ಇಳಿದರೆ ಮ್ಯಾಟಿನ (ನಮೂನೆ ಒತ್ತುವ ಅಚ್ಚಿನ ಹಾಳೆ) ಸಂದಿಯಲ್ಲಿ ಮಾಲು ಉಕ್ಕುತ್ತದೆ. ಇಳಿಯದಿದ್ದರೆ ತಡವಾಗಿದೆ, ದಿಮ್ಮಸಿನಿಂದ ಬಡಿದು ಇಳಿಸಲು ಹೋದರೆ ಮೇಲಿನ ಗಟ್ಟಿ ತೊಗಟೆ ಮುರಿದು ಕೂದಲೆಳೆಯ ಬಿರುಕುಗಳು ಬಲೆಯಂತೆ ಹರಡುತ್ತವೆ. ಪುಣೆಯಲ್ಲಿ ಫೆಬ್ರವರಿಯಿಂದಾಚೆ ಒಣಗಾಳಿ ಬೀಸುವ ದಿನಗಳಲ್ಲಿ ಈ ತೊಂದರೆ ಬಹಳ: ಮೇಲೆ ಒಣಗಿದ ತೊಗಟೆ, ಕೆಳಗೆ ಇನ್ನೂ ಮೆತ್ತಗೆ. ಗಾಳಿ ಬರುವ ಬದಿಗೆ ಹಸಿರು ನೆಟ್ ಕಟ್ಟಿ, ನೆಲವನ್ನು ಹಿಂದಿನ ಸಂಜೆಯೇ ನೆನೆಸಿ, ಬಿಸಿಲೇರುವ ಮೊದಲೇ ಅಚ್ಚು ಶುರುವಾಗುವಂತೆ ಹೊತ್ತು ಹೊಂದಿಸುತ್ತೇನೆ. ನವೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ ಈ ಕೆಲಸಕ್ಕೆ ಒಳ್ಳೆಯ ಕಾಲ.

ಮ್ಯಾಟ್ ಇಡುವ ಮೊದಲು ರಿಲೀಸ್ ಪೌಡರ್, ಮ್ಯಾಟ್ ಕಾಂಕ್ರೀಟಿಗೆ ಅಂಟದಂತೆ ತಡೆಯುವ ಬಣ್ಣದ ಪುಡಿ. ಚದರ ಮೀಟರಿಗೆ ಸುಮಾರು 150 ಗ್ರಾಂ, ಇಡೀ ಕೆಲಸಕ್ಕೆ 9-10 ಕೆಜಿ. ಆರಿಂಚಿನ ಬ್ರಷ್ಷಿನಲ್ಲಿ ತೆಗೆದು ಝಾಡಿಸಿದರೆ ಧೂಳಿನಂತೆ ಸಮನಾಗಿ ಬೀಳುತ್ತದೆ. ಎಲ್ಲಿ ತಪ್ಪುತ್ತದೋ ಅಲ್ಲಿ ಮ್ಯಾಟ್ ಅಂಟಿ ಬಣ್ಣದ ಚಕ್ಕೆ ಕಿತ್ತು ಬರುತ್ತದೆ. ಇದು ಗಾಳಿಗೆ ಹಾರಿ ಗೋಡೆಗೆ ಹಿಡಿಯುತ್ತದೆ, ಆದ್ದರಿಂದ ಸುತ್ತಲಿನ ಗೋಡೆಗೆ, ಪಕ್ಕದ ಮನೆಯ ಕಾರಿಗೂ ಪ್ಲಾಸ್ಟಿಕ್ ಹೊದಿಸಿ. ಗ್ಯಾಂಗಿಗೆ ಮಾಸ್ಕ್ ಕೊಡಿ.

ಮೊದಲ ಸಾಲು ದಾರಕ್ಕೆ ನೇರವಾಗಿರಬೇಕು, ಮನೆಯೊಳಗಿಂದ ಕಣ್ಣಿಗೆ ಬೀಳುವ ಉದ್ದದ ಗೆರೆಗೆ ಹೊಂದಬೇಕು. ಅಡ್ಡ ಅಗಲ ತುಂಬುವಷ್ಟು ಮ್ಯಾಟ್, ಮೇಲೆ ಎರಡು ಮೂರು ಹೆಚ್ಚು, ಗೋಡೆಯಂಚಿಗೆ ಬಾಗುವ ಮ್ಯಾಟ್ ಒಂದು. ಮುಂದಿನ ಮ್ಯಾಟ್ ಒತ್ತಿ ಜೋಡಿಸಿದ ಮೇಲೇ ಹಿಂದಿನದನ್ನು ಎತ್ತುವುದು. ಎತ್ತುವಾಗ ಒಂದು ಅಂಚಿನಿಂದ ಗಾಳಿ ಹೋಗಲು ಬಿಟ್ಟು ನಿಧಾನಕ್ಕೆ. ಪ್ರತಿ ಮೂರು ಸಾಲಿಗೊಮ್ಮೆ ದಾರ ನೋಡಿ. ಒಂದು ಮ್ಯಾಟಿಗೆ 3 ಮಿಮೀ ಸರಿದರೆ ಹತ್ತನೆಯದಕ್ಕೆ 30 ಮಿಮೀ ಆಗಿರುತ್ತದೆ. ಸಂದಿಯಲ್ಲಿ ಉಕ್ಕಿದ ಮಾಲನ್ನು ಚಿಕ್ಕ ಉಳಿಯಿಂದ ಆಗಲೇ ಒತ್ತಿ ಸರಿಪಡಿಸಬೇಕು, ಮರುದಿನ ಅದು ಕಲ್ಲು. ನಮೂನೆಯ ವಿಷಯದಲ್ಲಿ ನನ್ನ ಸಲಹೆ: ಕಾರಿನ ದಾರಿಗೆ ಸ್ಲೇಟ್ ಕಲ್ಲಿನ ಚಪ್ಪಡಿಯ ನಮೂನೆ. ಉಬ್ಬುಕಲ್ಲಿನ ಆಳ ನಮೂನೆ ನೋಡಲು ಚೆಂದ, ಆದರೆ ಸಿಟ್‌ಔಟ್‌ನಲ್ಲಿ ಕುರ್ಚಿ ಅಲುಗುತ್ತದೆ, ಅಜ್ಜ ಅಜ್ಜಿಯರ ಕೋಲು ಸಿಕ್ಕಿಕೊಳ್ಳುತ್ತದೆ.

ಜಾಯಿಂಟ್ ಕಟ್ಟಿಂಗ್, ಅಂದರೆ ಚಪ್ಪಡಿಯನ್ನು ತುಂಡುಗಳಾಗಿ ವಿಂಗಡಿಸುವ ಗೆರೆ ಕೊರೆಯುವುದು, ಅದೇ ರಾತ್ರಿ ಅಥವಾ ಮರುದಿನ ಬೆಳಗಿನ ಜಾವ, ರಿಲೀಸ್ ಪೌಡರ್ ತೊಳೆಯುವ ಮೊದಲು. ಬ್ಲೇಡಿನ ಕೆಸರು ಬಣ್ಣಕ್ಕೆ ಹಿಡಿಯದಂತೆ ಆ ಪೌಡರೇ ಕಾಯುತ್ತದೆ. ಆಳ ದಪ್ಪದ ಕಾಲು ಭಾಗ, 125ಕ್ಕೆ 32 ಮಿಮೀ. ಕಾರಿನ ದಾರಿಯನ್ನು ಉದ್ದಕ್ಕೆ ಮೂರು, ಅಗಲಕ್ಕೆ ಎರಡು ಮಾಡಿದರೆ ಸುಮಾರು 2.67ಕ್ಕೆ 2.25 ಮೀಟರಿನ ಆರು ತುಂಡು. ಸಿಟ್‌ಔಟ್ 2ಕ್ಕೆ 2ರ ಆರು ತುಂಡು. ನಮೂನೆ ಕೆಡುತ್ತದೆ ಎಂದು ಕಟ್ಟಿಂಗ್ ಬೇಡವೆನ್ನುವ ಮಾಲೀಕರಿದ್ದಾರೆ. ಗೆರೆ ನಾವು ಕೊರೆಯದಿದ್ದರೆ ಕಾಂಕ್ರೀಟ್ ತನಗೆ ಬೇಕಾದಲ್ಲಿ ಬಿರಿಯುತ್ತದೆ. ಆದಷ್ಟು ಅಚ್ಚಿನ ಸಂದುಗೆರೆಯ ಮೇಲೇ ಬ್ಲೇಡ್ ಹೋಗುವಂತೆ ಮೊದಲ ಸಾಲಿನಲ್ಲೇ ಲೆಕ್ಕ ಹಾಕಿಡುತ್ತೇನೆ.

ಎರಡನೆಯ ದಿನ ಸಡಿಲ ಪೌಡರ್ ಗುಡಿಸಿ, ಮೆಲ್ಲಗೆ ನೀರು ಬಿಟ್ಟು ತೊಳೆಯುವುದು. ಪೂರ್ತಿ ಉಜ್ಜಿ ತೆಗೆಯಬಾರದು. ತಗ್ಗುಗಳಲ್ಲಿ ನಾಲ್ಕನೆಯ ಒಂದು ಪಾಲು ಉಳಿದರೇ ಹಳೆಯ ಕಲ್ಲಿನ ನೆರಳು ಬರುತ್ತದೆ. ಇನ್ನು ಕ್ಯೂರಿಂಗ್, ಅಂದರೆ ಕಾಂಕ್ರೀಟಿನ ತೇವ ಹಿಡಿದಿಡುವುದು: ಇಲ್ಲಿ ಸ್ಲ್ಯಾಬಿನ ಹಾಗೆ ಪಾತಿ ಕಟ್ಟಿ ನೀರು ನಿಲ್ಲಿಸಿದರೆ ಗಾರೆಯ ಗುರುತು ಶಾಶ್ವತ, ಒದ್ದೆ ಗೋಣಿಚೀಲ ಹೊದಿಸಿದರೆ ಕಲೆ, ಪ್ಲಾಸ್ಟಿಕ್ ಹಾಸಿದರೆ ಅದು ತಾಗಿದಲ್ಲೊಂದು, ತಾಗದಲ್ಲೊಂದು ಬಣ್ಣ. ತೊಳೆದ ಮೇಲ್ಮೈ ಒಣಗಿದ ಕೂಡಲೇ ತೆಳ್ಳಗೆ ಒಂದು ಕೋಟ್ ಕ್ಯೂರ್-ಅಂಡ್-ಸೀಲ್ (ತೇವವನ್ನೂ ಹಿಡಿದಿಡುವ ಸೀಲರ್) ಹೊಡೆಯುವುದು ನನ್ನ ಕ್ರಮ. 28 ದಿನದ ಮೇಲೆ ಅದೇ ಕಂಪನಿಯ ಅಕ್ರಿಲಿಕ್ ಸೀಲರ್ ಇನ್ನೊಂದು ತೆಳು ಕೋಟ್. ಒಂದು ಲೀಟರ್ ಸುಮಾರು 6 ಚದರ ಮೀಟರ್ ಬರುತ್ತದೆ, ಎರಡು ಕೋಟಿಗೆ 20 ಲೀಟರ್. ಎರಡನೆಯ ಕೋಟಿನಲ್ಲಿ ಜಾರದ ಪುಡಿ ಬೆರೆಸಲೇಬೇಕು. ಅದಕ್ಕೂ ಹಿಂದಿನ ದಿನ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಟೇಪಿನಿಂದ ಅಂಟಿಸಿ ಬಿಡಿ. ಬೆಳಿಗ್ಗೆ ಒಳಗೆ ಹನಿ ಕಂಡರೆ ಕಾಯಿರಿ. ತೇವದ ಮೇಲೆ, ಅಥವಾ ಹೊಳಪು ಬರಲೆಂದು ದಪ್ಪವಾಗಿ ಹೊಡೆದರೆ ಹಾಲಿನಂತೆ ಬಿಳಿ ಪೊರೆ ಬರುತ್ತದೆ. ಸಾಲ್ವೆಂಟ್ ಸೀಲರ್ ಆಗಿದ್ದರೆ ಕ್ಸೈಲೀನ್ ಎಂಬ ದ್ರಾವಕವನ್ನು ರೋಲರಿನಿಂದ ಹಚ್ಚಿ ಅದನ್ನು ಮತ್ತೆ ಕರಗಿಸಬಹುದು. ನೆಲ ಒಣಗಿರಬೇಕು, ಬೆಂಕಿ ಹತ್ತಿರ ಇರಬಾರದು.

ಗೋವಾದಲ್ಲಿ ಲೆಕ್ಕ ಬದಲಾಗುತ್ತದೆ. ಜಂಬಿಟ್ಟಿಗೆಯ ನೆಲ ಗಟ್ಟಿ, ಎರೆಯ ಕಾಟವಿಲ್ಲ, ಅಗೆತ ಅರ್ಧಕ್ಕರ್ಧ ಉಳಿಯುತ್ತದೆ. ಆದರೆ ಪುಣೆಯ ಸುಮಾರು 700 ಮಿಮೀ ಮಳೆ ಎಲ್ಲಿ, ಅಲ್ಲಿನ 3000 ಎಲ್ಲಿ! ಬದಿಯಲ್ಲಿ ತೆರೆದ ಚರಂಡಿ ಇಲ್ಲದೆ ನಾನು ಅಲ್ಲಿ ಕೆಲಸ ಹಿಡಿಯುವುದಿಲ್ಲ. ಕಡಲ ಹತ್ತಿರವಿದ್ದರೆ ಎರಡೂ ಕಡೆಗೆ ಎಂ30, ಕಬ್ಬಿಣಕ್ಕೆ 50 ಮಿಮೀಗಿಂತ ಕಡಿಮೆ ಕವರ್ (ಸರಳಿನ ಮೇಲಿನ ಕಾಂಕ್ರೀಟಿನ ದಪ್ಪ) ಬೇಡ, ಸಿಟ್‌ಔಟ್‌ಗಾದರೆ ಕಬ್ಬಿಣವನ್ನೇ ಬಿಟ್ಟು ಘನ ಮೀಟರಿಗೆ 900 ಗ್ರಾಂ ಸಣ್ಣ ಪಾಲಿಪ್ರೊಪಿಲೀನ್ ಫೈಬರ್. ಉಪ್ಪು ಮರಳು ಹತ್ತಿರವೂ ಸುಳಿಯಬಾರದು. ನೆಲದಿಂದ ತೇವ ಏರುವ ಜಾಗದಲ್ಲಿ ಪೊರೆ ಕಟ್ಟುವ ಅಕ್ರಿಲಿಕ್ ಬದಲು ಒಳಗೆ ಇಳಿಯುವ ಸಿಲೇನ್-ಸಿಲಾಕ್ಸೇನ್ ಸೀಲರ್ ಒಳ್ಳೆಯದು. ಹೊಳಪು ಇರುವುದಿಲ್ಲ, ಆದರೆ ಸುಲಿಯುವುದೂ ಇಲ್ಲ. ಮೊದಲ ಮಳೆಗಾಲದ ನಂತರ ಬಿಳಿ ಉಪ್ಪು ಒಸರಿದರೆ ಒಣ ಬ್ರಷ್ಷಿನಿಂದ ಉಜ್ಜಿ ನೋಡಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸುರಿದರೆ ಉಪ್ಪಿನ ಜೊತೆ ಬಣ್ಣವೂ ಹೋಗುತ್ತದೆ.

ಮರುದಿನದಿಂದ ನಡೆಯಬಹುದು, ಕಾರು 28 ದಿನದ ಮೇಲೆ. ಸೀಲರ್ ಎರಡು ಮೂರು ವರ್ಷಕ್ಕೊಮ್ಮೆ, ನೀರು ಹಾಕಿದಾಗ ಮಣಿಗಟ್ಟದೆ ಹೀರತೊಡಗಿದರೆ ಅದಕ್ಕೂ ಮೊದಲೇ. ಮಳೆ ಮುಗಿದು ಅಂಗಳ ಚೆನ್ನಾಗಿ ಒಣಗಿದ ನವೆಂಬರಿನಲ್ಲಿ. ಎಂಜಿನ್ ಆಯಿಲ್ ಸೋರಿದರೆ ಅದೇ ದಿನ ಮರದ ಪುಡಿ ಹರಡಿ ಹೀರಿಸಿ, ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನೈಲಾನ್ ಬ್ರಷ್ಷಿನಿಂದ ಉಜ್ಜಿ. ತಂತಿಯ ಬ್ರಷ್ ಬೇಡ, ಅದರ ಎಳೆ ತಗ್ಗಿನಲ್ಲಿ ಉಳಿದು ತುಕ್ಕಿನ ಚುಕ್ಕೆ ಬಿಡುತ್ತದೆ.