ಏಳು ಸೆಕೆಂಡಿನ ಲೆಕ್ಕ: ನಿಕ್ ಸೇಬನ್ ಅವರನ್ನು ನೋಡಿ ನಾನು ಮಕ್ಕಳ ಕೋಚ್ ಆದದ್ದು

2012ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ಗೆ ಬಂದ ಮೊದಲ ವಾರ. ಆಫೀಸಿನ ಕಾಫಿ ಮೆಷಿನ್ ಹತ್ತಿರ ಒಬ್ಬರು ಕೇಳಿದರು, "ನೀವು ಅಲಬಾಮಾನೋ, ಆಬರ್ನೋ?" ಊರು ಕೇಳುತ್ತಿದ್ದಾರೆ ಅಂದುಕೊಂಡು "ಹಾಸನ" ಅಂದೆ. ಅವರು ಎರಡು ಸೆಕೆಂಡ್ ನನ್ನ ಮುಖ ನೋಡಿ ಜೋರಾಗಿ ನಕ್ಕರು. ನಮ್ಮ ಕಡೆ ಮದುವೆ ಮನೆಯಲ್ಲಿ "ನೀವು ಯಾರ ಪೈಕಿ, ಹುಡುಗನ ಕಡೆಯವರಾ ಹುಡುಗಿ ಕಡೆಯವರಾ" ಅಂತ ಕೇಳುತ್ತಾರಲ್ಲ, ಇಲ್ಲಿ ಆ ಜಾಗದಲ್ಲಿ ಈ ಪ್ರಶ್ನೆ. ಎರಡೂ ಯೂನಿವರ್ಸಿಟಿಗಳ ಹೆಸರು. ಕೇಳುವುದು ಓದಿನ ಬಗ್ಗೆ ಅಲ್ಲ, ಫುಟ್‌ಬಾಲ್ ಬಗ್ಗೆ.

ಈ ಫುಟ್‌ಬಾಲಿನಲ್ಲಿ ಕಾಲಿಗೆ ಕೆಲಸ ಕಡಿಮೆ. ಎರಡೂ ತುದಿ ಚೂಪಾದ ಚೆಂಡು. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಆಗದಿದ್ದರೆ ಚೆಂಡು ಎದುರಾಳಿಗೆ. ಆಡುವವರು ಕಾಲೇಜು ಹುಡುಗರು, ಆದರೆ ಟಸ್ಕಲೂಸಾದ ಬ್ರಯಂಟ್-ಡೆನಿ ಸ್ಟೇಡಿಯಂನಲ್ಲಿ ಅವರನ್ನು ನೋಡಲು ಒಂದು ಲಕ್ಷ ಜನ ಬರುತ್ತಾರೆ. ಆಗ ಅಲ್ಲಿನ ಹೆಡ್ ಕೋಚ್ ನಿಕ್ ಸೇಬನ್. ಅವರ ಸಂಬಳ ರಾಜ್ಯದ ಗವರ್ನರ್ ಸಂಬಳಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಅದಕ್ಕೆ ಇಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಏಳು ಸಲ ರಾಷ್ಟ್ರೀಯ ಚಾಂಪಿಯನ್: 2003ರ ಸೀಸನ್‌ನಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಜೊತೆ ಒಮ್ಮೆ, ಆಮೇಲೆ ಅಲಬಾಮಾ ಜೊತೆ 2009, 2011, 2012, 2015, 2017, 2020. ಅಲಬಾಮಾದಲ್ಲಿ ಹದಿನೇಳು ವರ್ಷ ಇದ್ದು ಮೈದಾನದಲ್ಲಿ ಗೆದ್ದದ್ದು 206, ಸೋತದ್ದು 29. ಬೇರ್ ಬ್ರಯಂಟ್ ಅಂತ ಹಿಂದೆ ಅಲ್ಲಿ ಇನ್ನೊಬ್ಬರು ದೊಡ್ಡ ಕೋಚ್ ಇದ್ದರು, ಸ್ಟೇಡಿಯಂ ಹೆಸರಿನಲ್ಲಿರುವ ಬ್ರಯಂಟ್ ಅವರೇ, ಅವರದು ಆರು.

ಇಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ. ಆದರೆ ಈ ಟ್ರೋಫಿಗಳ ಪಟ್ಟಿಯಿಂದ ನನಗೆ ಮೂರು ಕಾಸಿನ ಉಪಯೋಗ ಆಗಲಿಲ್ಲ. ಹೇಗೆ ಅಂತ ಹೇಳುತ್ತೇನೆ.

2022ರಲ್ಲಿ ಮಗನಿಗೆ ಒಂಬತ್ತು ವರ್ಷ. ಫ್ಲ್ಯಾಗ್ ಫುಟ್‌ಬಾಲ್ ಸೇರಿಸಿದೆವು. ಇದರಲ್ಲಿ ಡಿಕ್ಕಿ ಹೊಡೆಯುವಂತಿಲ್ಲ, ಬೀಳಿಸುವಂತಿಲ್ಲ. ಸೊಂಟದ ಬೆಲ್ಟಿಗೆ ಬಟ್ಟೆಯ ಪಟ್ಟಿ ಸಿಕ್ಕಿಸಿರುತ್ತಾರೆ, ಚೆಂಡು ಹಿಡಿದವನ ಪಟ್ಟಿ ಕಿತ್ತರೆ ಅಲ್ಲಿಗೆ ಆಟ ನಿಂತಿತು. ಒಂದು ಕಡೆ ಐದೈದು ಜನ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಇದೂ ಇದೆ. ಹೆಸರು ಬರೆಸಲು ಹೋದಾಗ ಅಲ್ಲಿದ್ದವರು "ಒಂದು ಟೀಮಿಗೆ ಕೋಚ್ ಇಲ್ಲ, ಯಾರಾದರೂ ಅಪ್ಪ ಅಮ್ಮ ಬರದಿದ್ದರೆ ಟೀಮೇ ಇಲ್ಲ" ಅಂದರು. ಎಲ್ಲರೂ ಫೋನ್ ನೋಡಿಕೊಂಡರು. ನಾನು ತಲೆ ಎತ್ತಿದ್ದೇ ತಪ್ಪಾಯಿತು.

ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದಳು, "ನಿನಗೆ ಆ ಆಟ ಬರುತ್ತೇನೋ?" ಬರಲ್ಲಮ್ಮ, ನೋಡಿದ್ದೀನಿ ಅಂದೆ. "ನೋಡಿದ್ರೆ ಸಾಕಾ? ನಾನೂ ದಿನಾ ಪೂಜಾರಪ್ಪನ್ನ ನೋಡ್ತೀನಿ."

ಮೊದಲ ನಾಲ್ಕು ವಾರ ನಾನು ಮಾಡಿದ್ದು ಪಕ್ಕಾ ಕೋತಿ ಕೆಲಸ. ಸೇಬನ್ ಪ್ರ್ಯಾಕ್ಟೀಸಿಗೆ ಹುಲ್ಲಿನ ಟೋಪಿ ಹಾಕುತ್ತಿದ್ದರು, ನಾನೂ ಒಂದು ತಂದೆ. ಅವರ ಪ್ರ್ಯಾಕ್ಟೀಸ್ ನಿಮಿಷದ ಲೆಕ್ಕದಲ್ಲಿ ನಡೆಯುತ್ತಿತ್ತು, ನಾನೂ ಎಕ್ಸೆಲ್‌ನಲ್ಲಿ ಟೈಮ್‌ಟೇಬಲ್ ಮಾಡಿ ಪ್ರಿಂಟ್ ಹಾಕಿದೆ. ಹದಿನಾರು ಪ್ಲೇ ಬರೆದೆ, ಅಂದರೆ ಒಂದೊಂದು ಪ್ರಯತ್ನದಲ್ಲಿ ಯಾರು ಎಲ್ಲಿಗೆ ಓಡಬೇಕು ಅನ್ನುವ ಯೋಜನೆ, ಬಣ್ಣ ಬಣ್ಣದ ಬಾಣದ ಗುರುತು. ದಿನಾ ಬೆಳಿಗ್ಗೆ ಅವರು ಲಿಟಲ್ ಡೆಬ್ಬಿಯ ಓಟ್‌ಮೀಲ್ ಕ್ರೀಮ್ ಪೈ ಎರಡು ತಿನ್ನುತ್ತಿದ್ದರಂತೆ, ನಾನೂ ಒಂದು ವಾರ ತಿಂದೆ. ಸಿಹಿ ಜಾಸ್ತಿ, ನಮ್ಮ ನಾಲಿಗೆಗಲ್ಲ. ಸೈಡ್‌ಲೈನಿನಲ್ಲಿ ಅವರ ಹಾಗೆ ಕಿರುಚಿದೆ. ಒಬ್ಬ ಹುಡುಗ ಅತ್ತೇ ಬಿಟ್ಟ. ನಾಲ್ಕಕ್ಕೆ ನಾಲ್ಕೂ ಸೋತೆವು, ಅದರಲ್ಲಿ ಎರಡರಲ್ಲಿ ನಮ್ಮದು ಸೊನ್ನೆ.

ಆಗ ಕೂತು ಯೋಚಿಸಿದೆ. ಅಲಬಾಮಾದ ಸೇಬನ್ ಯಾಕೆ ಗೆಲ್ಲುತ್ತಾರೆ? ಅವರ ಹತ್ತಿರ ದೇಶದ ಅತ್ಯುತ್ತಮ ಹುಡುಗರು ಇರುತ್ತಾರೆ, ಅದಕ್ಕೆ. ಕಾಲೇಜು ಫುಟ್‌ಬಾಲಿನಲ್ಲಿ ಹೈಸ್ಕೂಲಿನ ಹುಡುಗರ ಮನೆ ಬಾಗಿಲಿಗೆ ಕೋಚೇ ಹೋಗುತ್ತಾರೆ, ಸೋಫಾದ ಮೇಲೆ ಕೂತು ಅಪ್ಪ ಅಮ್ಮನ ಹತ್ತಿರ ಮಾತಾಡುತ್ತಾರೆ. ಹೆಣ್ಣು ನೋಡಲು ಹೋದ ಹಾಗೆಯೇ. ಈ ಕೆಲಸದಲ್ಲಿ ಅವರನ್ನು ಮೀರಿಸಿದವರಿಲ್ಲ. ಇದೇ ಸೇಬನ್ 2005 ಮತ್ತು 2006ರಲ್ಲಿ ಮಯಾಮಿ ಡಾಲ್ಫಿನ್ಸ್ ಎಂಬ ವೃತ್ತಿಪರ ತಂಡಕ್ಕೆ ಕೋಚ್ ಆಗಿದ್ದರು. 15 ಗೆಲುವು, 17 ಸೋಲು. ಅಲ್ಲಿ ಬೇಕಾದವರನ್ನೆಲ್ಲ ಬಾಚಿಕೊಳ್ಳಲು ಆಗುವುದಿಲ್ಲ, ಹೊಸಬರನ್ನು ಸರದಿಯಲ್ಲಿ ನಿಂತು ಆರಿಸಬೇಕು. ಮನುಷ್ಯ ಅದೇ, ಶಿಸ್ತು ಅದೇ, ಟ್ರೋಫಿ ಮಾತ್ರ ಇಲ್ಲ. ನನ್ನ ಲೀಗಿನಲ್ಲಿ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಹಂಚಿ ಕೊಡುತ್ತಾರೆ. ಅಂದರೆ ನಾನು ಅಲಬಾಮಾ ನಕಲು ಮಾಡಿ ಪ್ರಯೋಜನವೇ ಇಲ್ಲ, ಅಲ್ವಾ? ನನಗೆ ಬೇಕಾಗಿದ್ದದ್ದು ಕೈಯಲ್ಲಿ ಒಳ್ಳೆಯ ತಂಡ ಇಲ್ಲದಿದ್ದಾಗಿನ ಸೇಬನ್.

ಅವರು 1998ರಲ್ಲಿ ಸಿಕ್ಕರು. ಆಗ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಕೋಚ್. ತಂಡ ನಾಲ್ಕು ಗೆದ್ದು ಐದು ಸೋತಿತ್ತು. ಮುಂದಿನ ಪಂದ್ಯ ಕೊಲಂಬಸ್‌ನಲ್ಲಿ, ದೇಶದ ನಂಬರ್ ಒನ್ ಒಹಾಯೊ ಸ್ಟೇಟ್ ಜೊತೆ. ಗೆಲ್ಲುತ್ತಾರೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಮಿಷಿಗನ್ ಸ್ಟೇಟ್‌ನಲ್ಲೇ ಲಯೊನೆಲ್ ರೋಸನ್ ಅಂತ ಮನೋವೈದ್ಯರಿದ್ದರು. ಸೇಬನ್ ಈ ರೋಸನ್ ಹತ್ತಿರ ಸಲಹೆ ಕೇಳುತ್ತಿದ್ದರು. ರೋಸನ್ ಹೇಳಿದ್ದು ಇಷ್ಟೇ: ಒಂದು ಪ್ಲೇ ಸುಮಾರು ಏಳು ಸೆಕೆಂಡು ನಡೆಯುತ್ತದೆ, ಹುಡುಗರಿಗೆ ಆ ಏಳು ಸೆಕೆಂಡ್ ಮಾತ್ರ ಕೊಡಿ, ಸ್ಕೋರ್‌ಬೋರ್ಡ್ ಅವರ ತಲೆಯಿಂದ ತೆಗೆಯಿರಿ. ಪ್ಲೇ ಮುಗಿಯಿತಾ, ಒಳ್ಳೆಯದಾಗಿದ್ದರೂ ಕೆಟ್ಟದಾಗಿದ್ದರೂ ಬಿಟ್ಟು ಮುಂದಿನದಕ್ಕೆ ಹೋಗಿ. ಮಿಷಿಗನ್ ಸ್ಟೇಟ್ 24-9ರಲ್ಲಿ ಹಿಂದೆ ಬಿದ್ದು ಕೊನೆಗೆ 28-24ಕ್ಕೆ ಗೆದ್ದಿತು. ಸೇಬನ್ ಆಮೇಲೆ ಇಡೀ ಜೀವನ "ಪ್ರೊಸೆಸ್, ಪ್ರೊಸೆಸ್" ಅಂತ, ಅಂದರೆ ಫಲ ಬಿಟ್ಟು ಕೈಯಲ್ಲಿರುವ ಕೆಲಸ ನೋಡು ಅಂತ ಹೇಳುತ್ತಿದ್ದರು, ಅದರ ಬೇರು ಇಲ್ಲಿದೆ.

ಇದನ್ನು ಓದಿದಾಗ ನನಗೆ ನಗು ಬಂತು. ಯಾಕೆಂದರೆ ನಮ್ಮ ಫ್ಲ್ಯಾಗ್ ಲೀಗಿನ ನಿಯಮ ಏನು ಗೊತ್ತಾ? ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವವನು, ಏಳು ಸೆಕೆಂಡಿನೊಳಗೆ ಎಸೆಯಲೇಬೇಕು. ಲೆಕ್ಕ ನಮ್ಮ ಮುಂದೆಯೇ ಇತ್ತು.

ಐದನೇ ವಾರ ಹದಿನಾರು ಪ್ಲೇಯಲ್ಲಿ ಹನ್ನೆರಡನ್ನು ಹರಿದು ಹಾಕಿದೆ. ನಾಲ್ಕೇ ಉಳಿಸಿಕೊಂಡೆ. ಪ್ರತಿ ಮಗುವಿಗೂ ಒಂದೊಂದು ಪ್ಲೇಯಲ್ಲಿ ಒಂದೇ ಕೆಲಸ, ಅದನ್ನು ಅವರ ಬಾಯಲ್ಲೇ ಹೇಳಿಸುತ್ತಿದ್ದೆ: "ಐದು ಹೆಜ್ಜೆ ಓಡ್ತೀನಿ, ಒಳಗೆ ತಿರುಗ್ತೀನಿ, ಕೈ ಮೇಲೆ." ಅಷ್ಟೇ. ಸ್ಕೋರ್ ಎಷ್ಟು ಅಂತ ನನ್ನನ್ನು ಕೇಳಿದವರು ಪ್ರ್ಯಾಕ್ಟೀಸ್ ಮುಗಿದ ಮೇಲೆ ಕೋನ್‌ಗಳನ್ನು ಎತ್ತಿಡಬೇಕು. ಚೆಂಡು ಕೈ ಬಿಟ್ಟರೆ, ಎದುರಾಳಿ ಕಿತ್ತುಕೊಂಡರೆ, ನಾನು ಹೇಳುವುದು ಒಂದೇ ಮಾತು, ಮುಂದಿನದು. ಇದನ್ನು ಮಕ್ಕಳಿಗಿಂತ ನಾನು ಕಲಿಯುವುದೇ ಕಷ್ಟ ಆಯಿತು. ಅದಾದ ಮೇಲಿನ ಮೊದಲ ಎರಡು ಪಂದ್ಯದಲ್ಲಿ "ಮುಂದಿನದು" ಅಂದು, ಒಂದು ಉಸಿರು ತೆಗೆದುಕೊಂಡು, "ಆದ್ರೆ ಅದನ್ಯಾಕೆ ಬಿಟ್ಟೆ?" ಅಂತ ಸೇರಿಸುತ್ತಿದ್ದೆ.

ಪಟ್ಟಿ ಕೀಳುವುದನ್ನು ಕಲಿಸಲು ಮಾತ್ರ ಸೇಬನ್ ಬೇಕಾಗಲಿಲ್ಲ, ಹಾಸನದ ನಮ್ಮ ಪಿಟಿ ಮೇಷ್ಟ್ರು ಸಾಕಾದರು. ಕಬಡ್ಡಿಯಲ್ಲಿ ಅವರು ಹೇಳುತ್ತಿದ್ದರು, ರೈಡರ್‌ನ ಕಣ್ಣು ನೋಡಬೇಡ, ಕಣ್ಣು ಸುಳ್ಳು ಹೇಳುತ್ತೆ, ಸೊಂಟ ನೋಡು, ಸೊಂಟ ಹೋದ ಕಡೆ ಮನುಷ್ಯ ಹೋಗಲೇಬೇಕು. ಇಲ್ಲಿ ಪಟ್ಟಿ ಇರುವುದೇ ಸೊಂಟದಲ್ಲಿ! ಅರ್ಧ ಗಂಟೆ ಚೆಂಡು ಬದಿಗಿಟ್ಟು ಸುಮ್ನೆ ಕಬಡ್ಡಿ ಆಡಿಸಿದೆ. ಅವತ್ತಿನಿಂದ ನಮ್ಮ ಡಿಫೆನ್ಸ್ ಲೀಗಿನಲ್ಲಿ ಒಂದು ಮಟ್ಟಕ್ಕೆ ಬಂತು. ಕೋಲುಮುಖದ ಒಬ್ಬ ಅಮೆರಿಕನ್ ಹುಡುಗ ಈಗಲೂ ಪಟ್ಟಿ ಕಿತ್ತಾಗ "ಕಬಡ್ಡಿ" ಅಂತ ಕೂಗುತ್ತಾನೆ, ರೆಫರಿಗೆ ಏನೂ ಅರ್ಥ ಆಗುವುದಿಲ್ಲ. ಆ ಸೀಸನ್ ಕೊನೆಯ ನಾಲ್ಕರಲ್ಲಿ ಎರಡು ಗೆದ್ದೆವು.

ಸೇಬನ್ ಕಥೆಯಲ್ಲಿ ನನಗೆ ಇಷ್ಟವಾದದ್ದು, ಆದರೆ ನಾನು ಕೈಬಿಟ್ಟದ್ದು ಒಂದಿದೆ. ಅವರು ಹುಟ್ಟಿದ್ದು 1951ರಲ್ಲಿ, ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಗಳ ಸೀಮೆಯಲ್ಲಿ. ಅಪ್ಪನಿಗೆ ಪೆಟ್ರೋಲ್ ಬಂಕ್. ಅಪ್ಪನೇ ಸುತ್ತಲಿನ ಮಕ್ಕಳಿಗೆ ಫುಟ್‌ಬಾಲ್ ತಂಡ ಕಟ್ಟಿ, ಬಸ್ಸಿನಲ್ಲಿ ಹತ್ತಿಸಿಕೊಂಡು ಬಂದು ಆಡಿಸುತ್ತಿದ್ದರು, ತಂಡದ ಹೆಸರು ಬ್ಲ್ಯಾಕ್ ಡೈಮಂಡ್ಸ್. ಮಗ ಬಂಕಿನಲ್ಲಿ ಕಾರು ತೊಳೆಯಬೇಕು. ತೊಳೆದ ಮೇಲೆ ಒಂದು ಗೆರೆ ಕಂಡರೂ ಅಪ್ಪ ಪೂರ್ತಿ ಮತ್ತೆ ತೊಳೆಸುತ್ತಿದ್ದರಂತೆ. ಕಪ್ಪು ಮತ್ತು ಕಡುನೀಲಿ ಕಾರು ಬಂದರೆ ಹುಡುಗನಿಗೆ ಸಂಕಟ, ಅವುಗಳಲ್ಲಿ ಗೆರೆ ಜಾಸ್ತಿ ಕಾಣುತ್ತೆ. ಆ ಅಪ್ಪ 1973ರಲ್ಲಿ, ಐವತ್ತು ತುಂಬುವ ಮೊದಲೇ ಹೃದಯಾಘಾತದಿಂದ ಹೋದರು. ಆಗ ಮಗ ಕೆಂಟ್ ಸ್ಟೇಟ್‌ನಲ್ಲಿ ಓದು ಮುಗಿಸಿದ್ದರು. ಕೋಚ್ ಆಗುವ ಆಸೆ ಇರಲಿಲ್ಲ. ಹೆಂಡತಿ ಟೆರ್ರಿಯ ಓದು ಇನ್ನೊಂದು ವರ್ಷ ಬಾಕಿ ಇತ್ತು, ಅಲ್ಲೇ ಇರಬೇಕಿತ್ತು, ಅಲ್ಲಿನ ಕೋಚ್ ಡಾನ್ ಜೇಮ್ಸ್ ಸಹಾಯಕನಾಗಿ ಬಾ ಅಂದರು. ಹಾಗೆ ಶುರುವಾದದ್ದು. ಒಂದು ಕೆಲಸ ಸರಿಯಾಗುವ ತನಕ ಮತ್ತೆ ಮತ್ತೆ ಮಾಡಿಸುವುದು ಅವರ ಮೈಗೆ ಬಂದದ್ದು ಅಪ್ಪನ ಆ ಬಂಕಿನಿಂದ. ಒಂಬತ್ತು ವರ್ಷದ ಮಕ್ಕಳ ಮೇಲೆ ನಾನು ಇದನ್ನು ಒಮ್ಮೆ ಪ್ರಯೋಗ ಮಾಡಿದೆ. ಆರನೇ ಸಲಕ್ಕೆ ಒಬ್ಬ ನೆಲದಲ್ಲಿ ಮಲಗಿ ಮೋಡ ನೋಡತೊಡಗಿದ. ಅಲ್ಲಿಗೆ ಬಿಟ್ಟೆ.

ಇನ್ನು 2023. ಆ ವರ್ಷ ಒಂದು ಪಂದ್ಯದಲ್ಲಿ ಅರ್ಧ ಮುಗಿದಾಗ ನಾವು 0-12. ಕ್ವಾರ್ಟರ್‌ಬ್ಯಾಕ್ ನನ್ನ ಮಗ. ಎರಡು ಸಲ ಚೆಂಡನ್ನು ಸೀದಾ ಎದುರಾಳಿಯ ಕೈಗೇ ಎಸೆದಿದ್ದ. ಟೀಮಿನಲ್ಲಿ ಒಬ್ಬಳು ಹುಡುಗಿಗೆ ಎಸೆಯುವ ಕೈ ಚೆನ್ನಾಗಿತ್ತು, ಅದು ನನಗೆ ಎರಡು ವಾರದಿಂದ ಗೊತ್ತಿತ್ತು, ಆದರೂ ಸುಮ್ಮನಿದ್ದೆ. ಯಾಕೆ ಅಂತ ಎಲ್ಲ ಅಪ್ಪಂದಿರಿಗೂ ಗೊತ್ತು.

ಆಗ ತಲೆಯಲ್ಲಿ ಓಡಿದ್ದು 2018ರ ಜನವರಿ 8. ಅಟ್ಲಾಂಟಾದಲ್ಲಿ ಫೈನಲ್, ಎದುರಾಳಿ ಜಾರ್ಜಿಯಾ. ಅರ್ಧಕ್ಕೆ ಅಲಬಾಮಾ 0-13. ಕ್ವಾರ್ಟರ್‌ಬ್ಯಾಕ್ ಜೇಲೆನ್ ಹರ್ಟ್ಸ್ ಎರಡು ವರ್ಷದಲ್ಲಿ ಸೋತದ್ದು ಎರಡೇ ಪಂದ್ಯ. ಅಂಥವನನ್ನು ಸೇಬನ್ ಕೂರಿಸಿ, ಮೊದಲ ವರ್ಷದ ಹುಡುಗ ಟೂವಾ ಟಾಗೊವೈಲೋವಾನನ್ನು ಇಳಿಸಿದರು. ಪಂದ್ಯ ಸಮ ಆಗಿ ಹೆಚ್ಚುವರಿ ಆಟಕ್ಕೆ ಹೋಯಿತು. ಅಲ್ಲಿ ಮೊದಲ ಪ್ಲೇಯಲ್ಲೇ ಟೂವಾ ಸಿಕ್ಕಿಬಿದ್ದು ಹದಿನಾರು ಗಜ ಹಿಂದೆ. ನಮ್ಮ ಮನೆಯಲ್ಲಿ ಸೇರಿದ್ದವರೆಲ್ಲ ತಲೆ ಮೇಲೆ ಕೈ ಇಟ್ಟುಕೊಂಡರು. ಮುಂದಿನ ಪ್ಲೇ, 41 ಗಜ, ಡೆವಾಂಟಾ ಸ್ಮಿತ್ ಕೈಗೆ, ಟಚ್‌ಡೌನ್ (ಚೆಂಡು ಎದುರಾಳಿಯ ಕೊನೆ ಗೆರೆ ದಾಟಿದರೆ ಸಿಗುವ ಆರು ಅಂಕ), 26-23. ಏಳು ಸೆಕೆಂಡಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ವಿಡಿಯೊ ನನಗೆ ಸಿಕ್ಕಿಲ್ಲ, ನಮ್ಮ ಮಕ್ಕಳಿಗೆ ತೋರಿಸುವುದೂ ಅದನ್ನೇ. ಆದರೆ ನಾನು ಜಾಸ್ತಿ ಸಲ ನೋಡಿದ್ದು ಅದನ್ನಲ್ಲ. ಅದೇ ವರ್ಷ ಡಿಸೆಂಬರ್ 1, ಅದೇ ಸ್ಟೇಡಿಯಂ, ಅದೇ ಜಾರ್ಜಿಯಾ. ಈ ಸಲ ಟೂವಾಗೆ ಗಾಯ. ಇಡೀ ಸೀಸನ್ ಬೆಂಚಿನಲ್ಲಿ ಕಾದಿದ್ದ ಹರ್ಟ್ಸ್ ಎದ್ದು ಬಂದು 21-28ರಲ್ಲಿದ್ದ ಪಂದ್ಯವನ್ನು 35-28 ಮಾಡಿದ.

ಮಗನ ಮುಂದೆ ಮಂಡಿಯೂರಿ ಹೇಳಿದೆ, "ಈ ಅರ್ಧ ಅವಳು ಎಸೀಲಿ, ನೀನು ಓಡಿ ಹಿಡಿ." ಹುಲ್ಲು ಕಿತ್ತ. ಇನ್ನೂ ಸ್ವಲ್ಪ ಕಿತ್ತ. "ಅಪ್ಪ, ಹರ್ಟ್ಸ್ ಥರಾನಾ?" ಹೂ ಕಣೋ ಅಂದೆ. ಅವಳು ಎರಡು ಟಚ್‌ಡೌನ್ ಎಸೆದಳು, ಒಂದನ್ನು ಹಿಡಿದದ್ದು ಇವನು. 12-12 ಆಗಿ, ಕೊನೆಯ ನಿಮಿಷದಲ್ಲಿ 12-18 ಸೋತೆವು. ಕಾರಿನಲ್ಲಿ ಹೆಂಡತಿ ಸುಮಾರು ಹೊತ್ತು ಮಾತಾಡಲಿಲ್ಲ, ಆಮೇಲೆ "ಎರಡು ವಾರ ಲೇಟ್ ಮಾಡಿದ್ರಿ ರೀ" ಅಂದಳು. ಅವಳಿಗೂ ಗೊತ್ತಿತ್ತು.

ಸೇಬನ್ ಎಲ್ಲ ವಿಷಯದಲ್ಲೂ ನನಗೆ ಹಿಡಿಸುತ್ತಾರೆ ಅಂತಲ್ಲ. 2006ರ ಡಿಸೆಂಬರ್‌ನಲ್ಲಿ, ಮಯಾಮಿಯಲ್ಲಿರುವಾಗ, "ನಾನು ಅಲಬಾಮಾ ಕೋಚ್ ಆಗುವುದಿಲ್ಲ" ಅಂತ ಪತ್ರಕರ್ತರ ಮುಂದೆ ಸ್ಪಷ್ಟವಾಗಿ ಹೇಳಿ, ಎರಡು ವಾರದಲ್ಲಿ ಅಲಬಾಮಾಕ್ಕೆ ಹಾರಿದರು. ಎಂಟು ವರ್ಷಕ್ಕೆ 3.2 ಕೋಟಿ ಡಾಲರ್. ನಾನು ಇದನ್ನು ಆಫೀಸಿನಲ್ಲಿ ಎತ್ತಿದರೆ ಎಲ್ಲರಿಗೂ ತಕ್ಷಣ ಮೀಟಿಂಗ್ ನೆನಪಾಗುತ್ತದೆ. ಬಂದ ಮೊದಲ ವರ್ಷ, 2007ರಲ್ಲಿ, ಲೂಸಿಯಾನಾ-ಮನ್ರೋ ಎಂಬ ಚಿಕ್ಕ ತಂಡಕ್ಕೆ ಸ್ವಂತ ಮೈದಾನದಲ್ಲಿ 14-21 ಸೋತರು, ಆ ಸೀಸನ್ 7 ಗೆಲುವು, 6 ಸೋಲು. ಎರಡು ವರ್ಷ ಬಿಟ್ಟು 14-0, ಒಂದೂ ಸೋಲಿಲ್ಲ. ನಾವು ಸೋತಾಗ ನನಗೆ ನೆನಪಾಗುವುದು ಆ 14-0 ಅಲ್ಲ, ಮನ್ರೋ.

2024ರ ಜನವರಿ 10ರಂದು ಅವರು ನಿವೃತ್ತಿ ಹೇಳಿದರು. ಒಂಬತ್ತು ದಿನ ಮೊದಲು ರೋಸ್ ಬೌಲ್ ಎಂಬ ಪಂದ್ಯದಲ್ಲಿ ಮಿಷಿಗನ್‌ಗೆ ಸೋತಿದ್ದರು. ಸುದ್ದಿ ಬಂದಾಗ ನಾವು ಕಾಲ್‌ನಲ್ಲಿದ್ದೆವು. ಮ್ಯಾನೇಜರ್ ಅರ್ಧ ವಾಕ್ಯದಲ್ಲಿ ನಿಲ್ಲಿಸಿದರು. ಆಬರ್ನ್ ಕಡೆಯವನೊಬ್ಬ ಚಪ್ಪಾಳೆ ತಟ್ಟಿ, ಮ್ಯೂಟ್ ಹಾಕಿಲ್ಲ ಅಂತ ಗೊತ್ತಾಗಿ ಸಾರಿ ಕೇಳಿದ.

ನಮ್ಮ ಲೀಗ್ ನಡೆಯುತ್ತಲೇ ಇದೆ. ಈಗ ಪ್ಲೇ ಆರು ಆಗಿದೆ, ಅದಕ್ಕಿಂತ ಜಾಸ್ತಿ ಮಾಡುವುದಿಲ್ಲ. ಆ ಹುಡುಗಿಯೇ ಕ್ವಾರ್ಟರ್‌ಬ್ಯಾಕ್. ಮಗನಿಗೆ ಈಗ ಪಟ್ಟಿ ಕೀಳುವುದರಲ್ಲೇ ಜಾಸ್ತಿ ಖುಷಿ. ಹುಲ್ಲಿನ ಟೋಪಿಯನ್ನು ಅಮ್ಮ ಇಲ್ಲಿಗೆ ಬಂದಾಗ ಕರಿಬೇವಿನ ಕುಂಡದ ಹತ್ತಿರ ಕೆಲಸ ಮಾಡುವಾಗ ಹಾಕಿಕೊಂಡಿದ್ದಳು, ಹೋಗುವಾಗ ಊರಿಗೇ ತೆಗೆದುಕೊಂಡು ಹೋದಳು.