ಹಾವಿನ ಮೊಟ್ಟೆಗೆ ಟಾರ್ಚ್ ಹಿಡಿಯೋದು ಹೇಗೆ? ಕೋಳಿ ಮೊಟ್ಟೆ ಲೆಕ್ಕ ಇಲ್ಲಿ ನಡೆಯಲ್ಲ

ನಮ್ಮ ಮಂಡ್ಯ ಕಡೆ ನಾಟಿ ಕೋಳಿ ಕಾವಿಗೆ ಕೂರಿಸೋ ಮನೇಲೆಲ್ಲ ಮೊಟ್ಟೆನ ಬೆಳಕಿಗೆ ಹಿಡಿದು ನೋಡೋ ಅಭ್ಯಾಸ ಇದ್ದೇ ಇದೆ. ಕೈಲಿ ಎತ್ಕೊಂಡು, ಹಿಂಗೊಂದ್ಸಲ ಹಂಗೊಂದ್ಸಲ ತಿರುಗಿಸಿ, ಇದ್ರಲ್ಲಿ ಮರಿ ಇದೆ, ಇದು ಗೊಡ್ಡು ಅಂತ ಅಜ್ಜೀರು ನಿಮಿಷದಲ್ಲಿ ಹೇಳಿಬಿಡ್ತಾರೆ. ಅದೇ ಕೈ ಹಾವಿನ ಮೊಟ್ಟೆ ಮೇಲೆ ಬಿದ್ರೆ ಕೆಟ್ಟಿತು. ನಾನೇ ಮೊದಲನೇ ವರ್ಷ ಹಂಗೆ ತಿರುಗಿಸಿ ತಿರುಗಿಸಿ ನೋಡಿ ಕೇರೆ ಹಾವಿನ 9 ಮೊಟ್ಟೇಲಿ 6 ಕಳ್ಕೊಂಡಿದ್ದೀನಿ, ಆಮೇಲೆ ಬೇರೆಯವರು ಅದೇ ತಪ್ಪು ಮಾಡೋದನ್ನ ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ, ಅದಕ್ಕೇ ಇದನ್ನ ಬರೀತಿರೋದು.

ಶುರು ಮಾಡೋಕೆ ಮುಂಚೆ ಒಂದು ಮಾತು. ಇದು ಮನೇಲಿ ಹವ್ಯಾಸಕ್ಕೆ ಮಾಡೋ ಕೆಲಸ ಅಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಾವಿಗಿರೋ ರಕ್ಷಣೆ ಅದರ ಮೊಟ್ಟೆಗೂ ಇದೆ. ತಿಪ್ಪೇಲೋ, ಹುಲ್ಲಿನ ಮೆದೇಲೋ, ಕಬ್ಬಿನ ತರಗಿನ ಅಡೀಲೋ ಮೊಟ್ಟೆ ಕಂಡ್ರೆ ಮುಚ್ಚಿ ಸುಮ್ನೆ ಬಿಡೋದೇ ಸರಿ, ನಾಗರಹಾವಾದ್ರೆ ತಾಯಿನೂ ಅಲ್ಲೇ ಕಾವಲು ಕೂತಿರಬಹುದು ಹುಷಾರು. ಪಾಯ ತೆಗೀವಾಗ ಜೆಸಿಬಿ ಬಕೆಟ್ಟಿಗೆ ಗೂಡೇ ಎದ್ದು ಬಂತು, ವಾಪಸ್ ಇಡೋಕೆ ಜಾಗ ಇಲ್ಲ ಅನ್ನೋ ಪರಿಸ್ಥಿತೀಲಿ ಮಾತ್ರ ಅರಣ್ಯ ಇಲಾಖೆಗೆ ಹೇಳಿ, ಅವರ ಒಪ್ಪಿಗೆ ಇರೋ ಉರಗ ರಕ್ಷಕರ ಜೊತೆ ಸೇರಿ ಮಾಡೋ ಕೆಲಸ ಇದು. ಇನ್ನು ಕೊಳಕುಮಂಡಲದ ಮೊಟ್ಟೆ ಸಿಕ್ತು ಅಂತ ಫೋನ್ ಮಾಡ್ತಾರೆ, ಕೊಳಕುಮಂಡಲ ಮೊಟ್ಟೆ ಇಡೋದೇ ಇಲ್ಲ ಕಣ್ರೀ, ನೇರ ಮರಿ ಹಾಕುತ್ತೆ.

ಮೊದಲ ಹೆಜ್ಜೆ, ಮುಟ್ಟೋಕೆ ಮುಂಚೆ ಗುರುತು. ಮೊಟ್ಟೆ ಹೆಂಗೆ ಬಿದ್ದಿದ್ಯೋ ಹಂಗೇ ಅದರ ನೆತ್ತಿ ಮೇಲೆ ಮೆತ್ತನೆ ಪೆನ್ಸಿಲ್ಲಲ್ಲಿ ಒಂದು ಚುಕ್ಕೆ. ಸ್ಕೆಚ್ ಪೆನ್, ಮಾರ್ಕರ್ ಬೇಡವೇ ಬೇಡ, ಈ ಚಿಪ್ಪು ಕೋಳಿದ್ರಂಗೆ ಗಟ್ಟಿ ಅಲ್ಲ, ಚರ್ಮದ ಥರ ಮೆತ್ತಗೆ, ನೀರು ಹೀರುತ್ತೆ, ಇಂಕೂ ಹೀರುತ್ತೆ. ಒಂದಕ್ಕೊಂದು ಅಂಟಿದ್ರೆ ಬಿಡಿಸೋಕೆ ಹೋಗ್ಬೇಡಿ, ಗೊಂಚಲು ಗೊಂಚಲಾಗೇ ಎತ್ತಿ.

ಎರಡು, ಡಬ್ಬಿ. ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬಿ, ಒಳಗೆ ಒದ್ದೆ ವರ್ಮಿಕುಲೈಟ್ (ಗಿಡದ ಕುಂಡಕ್ಕೆ ಹಾಕೋ, ನೀರು ಹಿಡಿದಿಡೋ ಹಗುರ ಖನಿಜದ ಚೂರು), ತೂಕಕ್ಕೆ ತೂಕ ನೀರು, ಮುಷ್ಟೀಲಿ ಹಿಂಡಿದ್ರೆ ಹನಿ ಬೀಳಬಾರದು. ಅಂಗಡೀಲಿ ಕೇಳಿದ್ರೆ ವರ್ಮಿಕಾಂಪೋಸ್ಟ್ ಕೊಟ್ಟು ಕಳಿಸ್ತಾರೆ, ಅದು ಎರೆಗೊಬ್ಬರ, ಬೇರೆ. ಸಿಗಲಿಲ್ಲಾಂದ್ರೆ ಕೊಕೊಪೀಟ್ ನಡೆಯುತ್ತೆ. ಶಾಖ 28ರಿಂದ 30 ಡಿಗ್ರಿ, ಮೇ-ಜೂನಲ್ಲಿ ನಮ್ಮ ಕಡೆ ಹೆಂಚಿನ ಮನೆ ನಡುಕೋಣೇಲಿ ಹೀಟರ್ ಇಲ್ದೇನೇ ಇಷ್ಟಿರುತ್ತೆ, ಶೀಟ್ ಮನೇಲಿ ಮಾತ್ರ ಇಡಬೇಡಿ, ಬೆಂದೋಗ್ತವೆ.

ಈಗ ನಿಜವಾದ ಕೆಲಸ, ಟಾರ್ಚ್. ಯಾಕೆ ತಿರುಗಿಸಬಾರದು ಅಂತ ಗೊತ್ತಾದ್ರೆ ಕೈ ತಾನಾಗೇ ಸುಮ್ನಿರುತ್ತೆ. ಕೋಳಿ ಮೊಟ್ಟೆ ಒಡೆದಾಗ ಹಳದಿ ಅಂಚಲ್ಲಿ ಬಿಳೀ ದಾರದಂಥ ಎಳೆ ನೋಡಿರ್ತೀರಲ್ಲ, ಹಳದಿನ ನಡುವಲ್ಲಿ ಹಿಡಿದಿಡೋದು ಅದೇ, ಅದಿರೋದ್ರಿಂದ ಕೋಳಿ ದಿನಾ ಮೊಟ್ಟೆ ಹೊರಳಿಸಿದ್ರೂ ನಡೆಯುತ್ತೆ. ಹಾವಿನ ಮೊಟ್ಟೇಲಿ ಆ ಎಳೆ ಇಲ್ಲ. ಇಟ್ಟು ಒಂದೆರಡು ದಿನದೊಳಗೆ ಭ್ರೂಣ ಮೇಲ್ಗಡೆ ಚಿಪ್ಪಿನ ಒಳಪೊರೆಗೆ ಅಂಟ್ಕೊಂಡು ಬೆಳೆಯೋಕೆ ಶುರುಮಾಡುತ್ತೆ. ಆಮೇಲೆ ಬುಡಮೇಲು ಮಾಡಿದ್ರೆ ಹಳದಿ ಭಾರ ಎಲ್ಲ ಅದರ ಮೇಲೆ ಬಿದ್ದು, ರಕ್ತನಾಳ ಕಿತ್ತು, ಒಳಗೇ ಸತ್ತೋಗುತ್ತೆ, ಹೊರಗಿಂದ ವಾರ ಆದ್ರೂ ಗೊತ್ತಾಗಲ್ಲ.

ಅದಕ್ಕೆ ಒಂದೇ ಸೂತ್ರ: ಮೊಟ್ಟೆ ಟಾರ್ಚ್ ಹತ್ರ ಹೋಗಬಾರದು, ಟಾರ್ಚೇ ಮೊಟ್ಟೆ ಹತ್ರ ಬರಬೇಕು. ರಾತ್ರಿ ಹೊತ್ತು ಕೋಣೆ ಪೂರ್ತಿ ಕತ್ತಲೆ ಮಾಡಿ, ಎರಡು ನಿಮಿಷ ಸುಮ್ನೆ ಕೂತ್ಕೊಳ್ಳಿ, ಕಣ್ಣು ಕತ್ತಲೆಗೆ ಒಗ್ಗಲಿ. ಪೆನ್ ಥರ ಇರೋ ಸಣ್ಣ ಎಲ್‌ಇಡಿ ಟಾರ್ಚ್ ಸಾಕು. ಅದರ ಬಾಯಿಗೆ ಕರೀ ಇನ್ಸುಲೇಷನ್ ಟೇಪ್ ಸುತ್ತಿ ಹುಣಸೇ ಬೀಜದಷ್ಟು ತೂತು ಬಿಡಿ, ಬೆಳಕು ಸುತ್ತಲೂ ಚೆಲ್ಲಿದ್ರೆ ಏನೂ ಕಾಣಲ್ಲ. ಮೊಟ್ಟೆ ಇದ್ದಲ್ಲೇ ಇರಲಿ, ಪಕ್ಕದ ವರ್ಮಿಕುಲೈಟ್ ಬೆರಳಲ್ಲಿ ಸ್ವಲ್ಪ ಸರಿಸಿ, ಟಾರ್ಚ್ ಬಾಯಿ ಚಿಪ್ಪಿನ ಪಕ್ಕೆಗೆ ಮೆಲ್ಲಗೆ ತಾಗಿಸಿ, ಮೇಲಿಂದ ನೋಡಿ. ಮೊಟ್ಟೆ ಒಳಗಿಂದ ದೀಪ ಹಚ್ಚಿದಂಗೆ ಹೊಳೆಯುತ್ತೆ. ಒಂದಕ್ಕೆ 10-15 ಸೆಕೆಂಡ್, ಅಷ್ಟೇ. ವಿಡಿಯೋ ಮಾಡ್ತೀನಿ ಅಂತ ಐದು ನಿಮಿಷ ಹಿಡಿಯೋರಿಗೆ ನಾನು ಡಬ್ಬಿನೇ ಮುಟ್ಟಿಸಲ್ಲ.

ಏನು ಕಾಣಬೇಕು? ಜೀವ ಇದ್ರೆ ಒಳಗೆಲ್ಲ ನಸುಗೆಂಪು, ಅದರಲ್ಲಿ ಜೇಡರ ಬಲೆ ಥರ ಕೆಂಪು ನಾಳ. ಹೊಸ ಮೊಟ್ಟೇಲಿ ಮೇಲ್ಗಡೆ ಒಂದು ಕೆಂಪು ಮಚ್ಚೆ, ಅದರಿಂದ ನಾಲ್ಕೈದು ಎಳೆ. ದಿನ ಕಳೆದಂಗೆ ಬಲೆ ಹರಡುತ್ತೆ, ಕಪ್ಪು ನೆರಳು ಕಾಣುತ್ತೆ, ಒಮ್ಮೊಮ್ಮೆ ಅದು ಮಿಸುಕಾಡುತ್ತೆ, ಕೊನೆ ಕೊನೆಗೆ ಮರಿ ತುಂಬ್ಕೊಂಡು ಬೆಳಕೇ ದಾಟಲ್ಲ. ಜೆಸಿಬಿಯಿಂದ ಸಿಕ್ಕ ಮೊಟ್ಟೆಗೆ ಇಟ್ಟ ತಾರೀಕು ಯಾರಿಗೂ ಗೊತ್ತಿರಲ್ಲ, ಇದನ್ನ ನೋಡೇ ಅಂದಾಜು ಮಾಡ್ಬೇಕು. ಉರುಳಿ ಬಿದ್ದು ನೆತ್ತಿ ಯಾವುದು ಅಂತಾನೇ ಗೊತ್ತಿಲ್ಲದ ಮೊಟ್ಟೆ ಇದ್ರೆ, ಅದನ್ನ ಮಾತ್ರ ಸುತ್ತಲೂ ಟಾರ್ಚ್ ಹಿಡಿದು ಆ ಮಚ್ಚೆ ಎಲ್ಲಿದೆ ಹುಡುಕಿ, ಮಚ್ಚೆ ಮೇಲ್ಗಡೆ ಬರೋ ಹಂಗೆ ನಿಧಾನಕ್ಕೆ ಇಟ್ಟು ಚುಕ್ಕೆ ಹಾಕಿ. ತಿರುಗಿಸೋಕೆ ನಾನು ಪರ್ಮಿಷನ್ ಕೊಡೋದು ಇದೊಂದಕ್ಕೇ.

ಬರೀ ಹಳದಿ, ನಾಳವೇ ಇಲ್ಲ ಅಂದ್ರೆ ಬಹುಶಃ ಗೊಡ್ಡು. ನಾಳ ಇದ್ದಿದ್ದು ಮಾಸಿ ಕಂದು ಬಣ್ಣದ ಉಂಗುರ ಥರ ಆಗಿದ್ರೆ ಒಳಗೆ ಸತ್ತಿದೆ. ಆದ್ರೂ ಒಂದೇ ಸಲಕ್ಕೆ ಎಸೀಬೇಡಿ, ವಾರ ಬಿಟ್ಟು ಇನ್ನೊಂದ್ಸಲ ನೋಡಿ. ಸೋರಿ, ಕೊಳೆತ ವಾಸನೆ ಬಂದ್ಮೇಲೆ ತೆಗೀರಿ, ಅದೂ ಪಕ್ಕದ್ದಕ್ಕೆ ಅಂಟಿಲ್ಲಾಂದ್ರೆ ಮಾತ್ರ. ಬೂಷ್ಟು ಬಂದ್ರೆ ಒಣ ಇಯರ್‌ಬಡ್ಡಲ್ಲಿ ಒರೆಸಿ, ಗಟ್ಟಿ ಜೀವ ಇರೋ ಮೊಟ್ಟೆ ಪಕ್ಕದ ಬೂಷ್ಟನ್ನ ತಡ್ಕೊಳುತ್ತೆ.

ಆನ್‌ಲೈನಲ್ಲಿ ಕೋಳಿ ಮೊಟ್ಟೆ ಟಾರ್ಚ್ ಅಂತ ಬಟ್ಟಲು ಥರದ್ದು ಸಿಗುತ್ತೆ, ಮೊಟ್ಟೆನ ಎತ್ತಿ ಅದರ ಮೇಲೆ ನಿಲ್ಲಿಸಬೇಕು, ಹಾವಿಗೆ ಅದು ದಂಡ. ಅದಕ್ಕಿಂತ ಕೆಟ್ಟದ್ದು ಕೋಳಿ ಇನ್‌ಕ್ಯುಬೇಟರ್, ತಾನೇ ಮೊಟ್ಟೆ ತಿರುಗಿಸೋ ಮೋಟಾರ್ ಇರುತ್ತೆ, ಸ್ವಿಚ್ ಹಾಕಿ ಮಲಗಿದ್ರೆ ಬೆಳಗ್ಗೆಗೆ ಕಥೆ ಮುಗಿದಿರುತ್ತೆ.

ಎಷ್ಟು ಸಲ ನೋಡ್ಬೇಕು? ತಂದ ದಿನ, 15 ದಿನಕ್ಕೆ, 40 ದಿನದ ಹತ್ರ. ಮೂರೇ ಸಲ. ಮಧ್ಯೆ ಅನುಮಾನದ್ದು ಇದ್ರೆ ಅದೊಂದನ್ನ ಮಾತ್ರ. ಉಳಿದ ದಿನ ಕಣ್ಣಲ್ಲೇ ನೋಡಿ: ಶುರುವಲ್ಲೇ ಮೊಟ್ಟೆ ಗುಳಿ ಬಿದ್ರೆ ಒಣಗ್ತಿದೆ ಅಂತ ಅರ್ಥ, ನೀರು ಮೊಟ್ಟೆ ಮೇಲಲ್ಲ, ಡಬ್ಬಿ ಅಂಚಿಗೆ ಹಾಕಿ. ಕೊನೇ ಒಂದೆರಡು ವಾರದಲ್ಲಿ ಗುಳಿ ಬಿದ್ರೆ ಗಾಬರಿ ಬೇಡ, ಅದು ಮರಿ ಬರೋ ಸೂಚನೆ. ನಾಗರಹಾವಿಗೆ ಸುಮಾರು 50ರಿಂದ 70 ದಿನ, ಮೇ ತಿಂಗಳದ್ದಾದ್ರೆ ನಾಗರಪಂಚಮಿ ಆಸುಪಾಸಿಗೆ ಬರುತ್ತೆ.

ಮರಿ ಮೂತಿ ತುದೀಲಿರೋ ಪುಟ್ಟ ಹಲ್ಲಿಂದ ಚಿಪ್ಪು ಸೀಳುತ್ತೆ, ಆಮೇಲೂ ಒಂದೆರಡು ದಿನ ತಲೆ ಮಾತ್ರ ಹಾಕ್ಕೊಂಡು ಒಳಗೇ ಕೂತಿರುತ್ತೆ, ಉಳಿದ ಹಳದಿ ಹೊಟ್ಟೆಗೆ ಎಳ್ಕೊಳ್ತಿರುತ್ತೆ. ಹೆಲ್ಪ್ ಮಾಡ್ತೀನಿ ಅಂತ ಎಳೀಬೇಡಿ, ಕತ್ತರಿಸಬೇಡಿ. ಮತ್ತೆ, ನಾಗರ ಮರಿ ಮೊಟ್ಟೆಯಿಂದ ಬಂದಾಗ್ಲೇ ಹೆಡೆ ಎತ್ತುತ್ತೆ, ವಿಷನೂ ಇರುತ್ತೆ. ಅದಕ್ಕೇ 45ನೇ ದಿನದಿಂದ ಮುಚ್ಚಳಕ್ಕೆ ನಾಲ್ಕೂ ಕಡೆ ಕ್ಲಿಪ್ ಹಾಕಿರಲಿ, ಗಾಳಿ ತೂತು ಪೆನ್ಸಿಲ್ ತೂರೋವಷ್ಟು ಇರಬಾರದು, ದಬ್ಬಣದಲ್ಲಿ ಚುಚ್ಚಿದಷ್ಟೇ ಸಾಕು.